ಐಸ್ ಹಾಕಿಯ ಬಾಗಿಲು ಯಜಮಾನ್ರು

ಅವರ ಬಲಗೈ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹುಣಿಸೆ ಬೀಜದಷ್ಟು ಗಟ್ಟಿಯಾದ ಒಂದು ಜಡ್ಡು ಇತ್ತು. ಚಿಲಕ ತೆಗೆದು, ಹಾಕಿ, ತೆಗೆದು, ಹಾಕಿ ಆದ ಜಡ್ಡು. ಮೀಸೆ ಮೂಡಿದ ಕಾಲದಿಂದ ತಲೆ ನರೆಯುವವರೆಗೂ ಅವರು ಚಾಮರಾಜಪೇಟೆಯ ಒಂದು ಟಾಕೀಸಿನಲ್ಲಿ ಗೇಟ್ ಕೀಪರ್. "ಯಜಮಾನ್ರೇ, ಇದಕ್ಕೊಂಚೂರು ಎಣ್ಣೆಗಿಣ್ಣೆ ಹಚ್ಚಬಾರ್ದಾ?" ಎಂದು ನಾನು ಕೇಳಿದರೆ, "ಇದು ನನ್ನ ಡಿಗ್ರಿ ಟೀಚರಮ್ಮ, ಅಳಿಸ್ಬಿಟ್ರೆ ಕೆಲಸ ಯಾರು ಕೊಡ್ತಾರೆ?" ಎಂದು ನಗುತ್ತಿದ್ದರು.

ಆ ಟಾಕೀಸು ಕೆಡವಿದರು. ಕೆಲವು ವರ್ಷ ಅಲ್ಲಿ ಕಾರು ನಿಲ್ಲಿಸುತ್ತಿದ್ದರು. ಆಮೇಲೆ ಯಾರೂ ಕನಸಿನಲ್ಲೂ ಎಣಿಸದ ಒಂದು ಕಟ್ಟಡ ಎದ್ದಿತು, ಒಳಗೆ ನೆಲದ ತುಂಬ ಮಂಜುಗಡ್ಡೆ! ಹಿಮ ಬೀಳುವ ದೇಶಗಳ ಐಸ್ ಹಾಕಿಯನ್ನು ಹಿಮವನ್ನೇ ಕಾಣದ ಊರುಗಳಿಗೆ ಹಬ್ಬಿಸುತ್ತೇವೆಂದು ಯಾವುದೋ ಕಂಪನಿ ಹೊರಟಿತ್ತಂತೆ. ನಮ್ಮಲ್ಲಿ ಐಸು ಎಂದರೆ ಕಬ್ಬಿನ ಹಾಲಿಗೆ ಹಾಕುವುದು, ಮೀನಿನ ಬುಟ್ಟಿಗೆ ಸುರಿಯುವುದು. ಇವರು ನೋಡಿದರೆ ಅದರ ಮೇಲೆ ಸಂಬಳದ ಆಟಗಾರರನ್ನು ಕುಣಿಸಲು ಬಂದರು. ಹೊರಗೆ ರಸ್ತೆಯ ಡಾಂಬರು ಕಾಲಿಗೆ ಅಂಟುತ್ತಿದ್ದರೆ ಒಳಗೆ ಹಲ್ಲು ಕಟಕಟ. ತಂಡಕ್ಕೆ ನಮ್ಮೂರಿನ ಹೆಸರಿಟ್ಟಿದ್ದರು, ತಂಡದೊಳಗೆ ನಮ್ಮೂರಿನವನು ಮಾತ್ರ ಒಬ್ಬನೂ ಇರಲಿಲ್ಲ. ಊರಿನವರೆಲ್ಲ ಟಿಕೆಟ್ ಹರಿಯುವುದಕ್ಕೆ, ನೆಲ ಒರೆಸುವುದಕ್ಕೆ.

ನಾನು ಹುಡುಗಿಯರ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಬಯಲಿನ ಹಾಕಿಗೆ ಸ್ಕೋರು ಬರೆದ ಅಭ್ಯಾಸವಿದೆಯೆಂದು ನನ್ನನ್ನು ಟೈಮ್ ನೋಡುವ ಮೇಜಿಗೆ ಕೂರಿಸಿದರು. ಪಕ್ಕದಲ್ಲೇ ಗಾಜಿನ ಗೋಡೆಯ ಒಂದು ಪುಟ್ಟ ಕೋಣೆ, ಒಳಗೊಂದು ಬೆಂಚು. ಆಟದಲ್ಲಿ ತಪ್ಪು ಮಾಡಿದವನನ್ನು ರೆಫರಿ ಅದರೊಳಗೆ ಕಳಿಸುತ್ತಾನೆ. ಸಾಮಾನ್ಯ ತಪ್ಪಿಗೆ ಎರಡು ನಿಮಿಷದ ಶಿಕ್ಷೆ. ಮುಗಿಯುವವರೆಗೆ ಅವನ ತಂಡ ಒಬ್ಬ ಕಡಿಮೆಯಾಗಿ ಆಡಬೇಕು. ಮುಗಿದ ತಕ್ಷಣ ಕೋಣೆಯೊಳಗೇ ನಿಂತ ಒಬ್ಬರು ಬಾಗಿಲು ತೆಗೆಯಬೇಕು. ಆ ಕೆಲಸಕ್ಕೆ ಜನ ಬೇಕೆಂದಾಗ ಯಜಮಾನ್ರು ಬಂದು, "ಈ ಜಾಗದ ಬಾಗ್ಲು ನಂದೇ ಸ್ವಾಮಿ, ಮೊದ್ಲಿಂದ್ಲೂ" ಎಂದು ನಿಂತರಂತೆ. ಮ್ಯಾನೇಜರ್ ಹುಡುಗನಿಗೆ ಅರ್ಥವಾಯಿತೋ ಇಲ್ಲವೋ, ಕೆಲಸ ಕೊಟ್ಟ.

ಹಣೆಗೆ ವಿಭೂತಿ, ಅದರ ಮೇಲಿಂದ ಮಂಕಿ ಕ್ಯಾಪು, ಖಾಕಿ ಸ್ವೆಟರಿನ ಜೇಬಿನಲ್ಲಿ ಟಾಕೀಸಿನ ಟಾರ್ಚು. ಆ ಕೋಣೆಗೆ ಅವರಿಟ್ಟ ಹೆಸರು ಗೂಡು. ಗೂಡಿಗೆ ಯಾರೇ ಬಂದು ಬಿದ್ದರೂ, "ಕೂತ್ಕೊಳ್ಳಪ್ಪ, ಆಯ್ತು, ಆಗೋದು ಆಯ್ತು" ಎಂದು ಕನ್ನಡದಲ್ಲೇ ಸಮಾಧಾನ ಹೇಳಿ, ಫ್ಲಾಸ್ಕಿನ ಮುಚ್ಚಳಕ್ಕೆ ಶುಂಠಿ ಕಾಫಿ ಬಗ್ಗಿಸುತ್ತಿದ್ದರು. ಶಿಕ್ಷೆ ಅನುಭವಿಸುವವನಿಗೆ ಕಾಫಿ! ಮೊದಮೊದಲು ಆಟಗಾರರು ಕಕ್ಕಾಬಿಕ್ಕಿ. ನಮ್ಮ ತಂಡದಲ್ಲಿ ಒಬ್ಬ ಕೆಂಚುಗೂದಲಿನ ಉದ್ದನೆಯ ಹುಡುಗನಿದ್ದ, ಮಹಾ ಜಗಳಗಂಟ. ಅವನಂತೂ ಒಳಗೆ ಬರುವಾಗಲೇ ಕೈ ಚಾಚಿಕೊಂಡು ಬರುತ್ತಿದ್ದ.

ಆದರೆ ಬಾಗಿಲಿನ ವಿಷಯದಲ್ಲಿ ಯಜಮಾನ್ರದು ಕಟ್ಟುನಿಟ್ಟು. ಎದುರಿಗೇ ದೊಡ್ಡ ಗಡಿಯಾರ ಓಡುತ್ತಿದ್ದರೂ ಅದನ್ನು ನೋಡುತ್ತಿರಲಿಲ್ಲ. ಟಾಕೀಸಿನಲ್ಲಿ ಒಳಗಿನಿಂದ ಬೆಲ್ ಹೊಡೆದರಷ್ಟೇ ಬಾಗಿಲು ತೆಗೆದ ಕೈ ಅದು. ಇಲ್ಲಿ ಬೆಲ್ಲಿನ ಬದಲು ನನ್ನ ತಲೆ. ನಾನು ತಿರುಗಿ "ಹೂಂ" ಎಂದು ಕತ್ತು ಹಾಕಬೇಕು, ಆಮೇಲೇ ಚಿಲಕ. "ಎದುರಿಗಿದೆಯಲ್ಲ ಯಜಮಾನ್ರೇ, ನೀವೇ ನೋಡ್ಬಾರ್ದಾ?" ಎಂದು ರೇಗುತ್ತಿದ್ದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಬಾಗ್ಲು ನೋಡ್ಕೊಳ್ಳೋನು ನಾನು, ಟೈಮ್ ನೋಡೋರು ನೀವು. ಎರಡೂ ಒಬ್ಬನ ಕೈಲಿರಬಾರ್ದು ಟೀಚರಮ್ಮ" ಎನ್ನುತ್ತಿದ್ದರು.

ಆಟ ನಡೆಯುತ್ತಿದ್ದಾಗ ಅವರ ಎಡಗೈ ಆಗಾಗ ಸ್ವೆಟರಿನೊಳಗೆ ಹೋಗಿ ಅಂಗಿಯ ಜೇಬು ಮುಟ್ಟಿಕೊಂಡು ಬರುತ್ತಿತ್ತು. ದುಡ್ಡಿರಬೇಕು ಎಂದುಕೊಂಡಿದ್ದೆ. ಒಂದು ದಿನ ಬಾಗಿದಾಗ ಜೇಬಿನಿಂದ ಬೀಗದ ಕೈ ಬಿತ್ತು. ಎತ್ತಿಕೊಡುತ್ತಾ ಸುಮ್ಮನಿರಲಾರದೆ, "ಮನೇಲಿ ಯಾರೂ ಇಲ್ವಾ?" ಎಂದೆ.

"ಇದಾಳೆ" ಎಂದರು. "ಒಳಗಿದಾಳೆ."

ಹೆಂಡತಿಗೆ ಮರೆವಿನ ಕಾಯಿಲೆ. ಗಂಡನ ಹೆಸರು ಮರೆತಿದ್ದರು, ಒಲೆ ಹಚ್ಚಿದ್ದು ಮರೆಯುತ್ತಿದ್ದರು, ನಡೆಯುವುದನ್ನು ಮಾತ್ರ ಮರೆತಿರಲಿಲ್ಲ. ಕಣ್ಣು ತಪ್ಪಿಸಿದರೆ ಸಾಕು, ಚಪ್ಪಲಿಯಿಲ್ಲದೆ ಹೊರಟುಬಿಡುವರು. ಒಮ್ಮೆ ಮೆಜೆಸ್ಟಿಕ್ಕಿನಲ್ಲಿ ಹೊರಡಲು ನಿಂತ ಬಸ್ಸಿನೊಳಗೆ ಸಿಕ್ಕಿದ್ದರಂತೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಯಾವ ಊರೋ ಏನೋ. ಮಕ್ಕಳಿಲ್ಲ. ವಠಾರದವರಿಗೆ ಅವರವರದೇ ದುಡಿಮೆ. ಯಜಮಾನ್ರು ಮನೆಯಲ್ಲೇ ಕೂತರೆ ಒಲೆ ಉರಿಯುವುದಿಲ್ಲ. ಹೊರಗೆ ಬಂದರೆ ಹೆಂಡತಿ ಕಳೆದುಹೋಗುತ್ತಾರೆ. ಹಾಗಾಗಿ ಅನ್ನ ಕಲಸಿಟ್ಟು, ನೀರಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಬರುತ್ತಿದ್ದರು.

"ಏನೂ ಗೊತ್ತಾಗಲ್ಲ ಟೀಚರಮ್ಮ ಅವಳಿಗೆ, ಮಲಗಿರ್ತಾಳೆ. ನಾನು ಹೋದಾಗ್ಲೂ ಮಲಗೇ ಇರ್ತಾಳೆ" ಎಂದರು. ಹಾಗೆ ಮಾಡಬೇಡಿ ಎಂದು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ರೆಫರಿ ಶಿಳ್ಳೆ ಊದಿದ, ನಾನು ಗಡಿಯಾರದ ಕಡೆ ತಿರುಗಿದೆ.

ಮಳೆಗಾಲ ಹತ್ತಿರ ಬರುವ ಹೊತ್ತಿಗೆ ಕಂಪನಿಯ ಉತ್ಸಾಹ ಇಳಿಯುತ್ತಾ ಬಂದಿತ್ತು. ಪುಕ್ಕಟೆ ಟಿಕೆಟ್ ಹಂಚಿದರೂ ಅರ್ಧ ಕುರ್ಚಿ ಖಾಲಿ. ಬಂದವರೂ ಚಳಿ ತಡೆಯಲಾರದೆ ಮಧ್ಯದಲ್ಲೇ ಎದ್ದು ಹೋಗುವರು. ಹೊರದೇಶದಿಂದ ದೊಡ್ಡವರು ನೋಡಲು ಬರುತ್ತಾರೆ, ಈ ಆಟ ಗೆದ್ದರೆ ತಂಡ ಉಳಿಯುತ್ತದೆ, ಇಲ್ಲದಿದ್ದರೆ ಗಂಟುಮೂಟೆ ಎಂದು ಮ್ಯಾನೇಜರ್ ಹುಡುಗ ಎಲ್ಲರ ಮೇಲೂ ಹರಿಹಾಯುತ್ತಿದ್ದ. ಅದೊಂದು ಭಾನುವಾರ ಮಧ್ಯಾಹ್ನ. ಯಜಮಾನ್ರು ಹೆಂಡತಿಯ ಕೈ ಹಿಡಿದುಕೊಂಡೇ ಬಂದರು.

"ಬೀಗ ಕೆಟ್ಟೋಯ್ತು ಟೀಚರಮ್ಮ, ಒಡೆದು ತೆಗೆಸ್ದೆ. ಇವತ್ತು ಅಂಗಡಿ ಬಾಗ್ಲೂ ತೆಗೆದಿಲ್ಲ, ಬರಲ್ಲ ಅಂದ್ರೆ ಮ್ಯಾನೇಜರು ಬಿಡಲ್ಲ. ಏನು ಮಾಡ್ಲಿ ಹೇಳಿ."

ಸಣಕಲು ಜೀವ, ಕಾಸಗಲ ಕುಂಕುಮ, ಹೊಸಬರನ್ನು ಕಂಡ ಮಗುವಿನ ಹಾಗೆ ಗಂಡನ ಹಿಂದೆ ಅವಿತುಕೊಂಡಿದ್ದರು. ಕುರ್ಚಿಯಲ್ಲಿ ಕೂರಿಸಿದರೆ ಎದ್ದು ಹೋಗುತ್ತಾರೆ. "ಗೂಡಲ್ಲೇ ಕೂರಿಸ್ಕೊಳ್ಳಿ, ಯಾವನು ಏನಂತಾನೋ ನಾನು ನೋಡ್ಕೋತೀನಿ" ಎಂದೆ. ಅವರಿಗೊಂದು ಶಾಲು ಹೊದಿಸಿ ಬೆಂಚಿನ ಮೂಲೆಯಲ್ಲಿ ಕೂರಿಸಿದರು.

ಬಹಳ ಹೊತ್ತು ಏನೂ ಆಗಲಿಲ್ಲ. ಎರಡೂ ತಂಡಕ್ಕೂ ಗೋಲಿಲ್ಲ. ಕೊನೆಯ ಭಾಗದಲ್ಲಿ ಕೆಂಚುಗೂದಲಿನವನು ಯಾರನ್ನೋ ಗುದ್ದಿ, ತಾನೂ ಗುದ್ದಿಸಿಕೊಂಡು, ಹುಬ್ಬಿನಿಂದ ರಕ್ತ ಸುರಿಸುತ್ತಾ ಗೂಡಿಗೆ ಬಂದು ಬಿದ್ದ. ಮೂಲೆಯಲ್ಲಿ ಕೂತಿದ್ದ ಅಮ್ಮ ಅವನನ್ನೇ ನೋಡಿದರು. "ಅಯ್ಯೋ ಕಂದ, ಯಾರಪ್ಪಾ ಹೊಡೆದೋರು? ಅವರ ಕೈ ಸೇದೋಗ!" ಎಂದು ಸೆರಗಿನಿಂದ ಹುಬ್ಬು ಒರೆಸಿದರು. ಆ ಆಳೆತ್ತರದ ಜಗಳಗಂಟ ತಲೆ ತಗ್ಗಿಸಿ ಒರೆಸಿಕೊಂಡ. ಯಜಮಾನ್ರು ಚಿಲಕ ಹಾಕಿದರು.

ಆ ಚಿಲಕದ ಸದ್ದು ಕೇಳಿದ್ದೇ ತಡ, ಅಮ್ಮನ ಮುಖ ಬದಲಾಯಿತು. ಎದ್ದು ಹೋಗಿ ಎರಡೂ ಅಂಗೈಯಿಂದ ಬಾಗಿಲಿನ ಗಾಜು ಬಡಿಯತೊಡಗಿದರು. "ರೀ, ತೆಗೀರೀ! ನಾನು ಒಳಗಿದೀನಿ ಕಣ್ರೀ! ಯಾರಾದ್ರೂ ತೆಗೀರಪ್ಪಾ!"

ಯಜಮಾನ್ರು ಕಲ್ಲಾಗಿ ನಿಂತರು. ಶಿಕ್ಷೆ ಇನ್ನೂ ಅರ್ಧವೂ ಕಳೆದಿರಲಿಲ್ಲ. ನಾನು ಕತ್ತು ಹಾಕಿರಲಿಲ್ಲ. ಅವರು ನನ್ನ ಕಡೆ ತಿರುಗಲೂ ಇಲ್ಲ, ಚಿಲಕ ಎಳೆದುಬಿಟ್ಟರು.

ಬಾಗಿಲು ತೆಗೆದರೆ ಓಡುವುದೊಂದೇ ಆ ಹುಡುಗನಿಗೆ ಗೊತ್ತು. ಜಾರಿಕೊಂಡು ಹೋದವನು ಎದುರಾಳಿಗಳು ತಿರುಗುವಷ್ಟರಲ್ಲಿ ಗೋಲು ಹೊಡೆದ. ತಿಂಗಳುಗಟ್ಟಲೆ ತೂಕಡಿಸಿದ್ದ ಜನ ಎದ್ದು ನಿಂತು ಶಿಳ್ಳೆ ಹಾಕಿದರು, ಹಳೇ ಟಾಕೀಸೇ ಮರಳಿ ಬಂದ ಹಾಗಿತ್ತು. ರೆಫರಿ ನನ್ನ ಮೇಜಿಗೆ ಬಂದು ಗಡಿಯಾರ ನೋಡಿದ. ಗೋಲು ರದ್ದು. ಹುಡುಗನನ್ನು ವಾಪಸು ಗೂಡಿಗೆ ಕಳಿಸಿದರು. ಆಮೇಲೆ ನಾವು ಸೋತೆವು.

ಮ್ಯಾನೇಜರ್ ಕೆಂಡವಾಗಿ ಬಂದ. "ಯಾರ್ರೀ ಈಯಮ್ಮ? ಇದೇನು ಧರ್ಮಛತ್ರಾನಾ? ನಾಳೆಯಿಂದ ಬರ್ಬೇಡಿ!" ನಾನು ಬಿಡಲಿಲ್ಲ, ಬಾಯಿಗೆ ಬಂದಂತೆ ಅಂದೆ. ಯಜಮಾನ್ರಿಗೆ ಇಬ್ಬರ ಮಾತೂ ಕೇಳಿಸಿದಂತಿರಲಿಲ್ಲ. ಹೆಂಡತಿಯ ಅಂಗೈಗಳನ್ನು ಮೇಲೆ ಮಾಡಿ, ಟಾರ್ಚು ಬಿಟ್ಟು ನೋಡುತ್ತಿದ್ದರು. ಅಂಗೈಯುದ್ದಕ್ಕೂ ಕಂದು ಜಡ್ಡು.

"ಇದು ರೊಟ್ಟಿ ತಟ್ಟಿ ತಟ್ಟಿ ಆಗಿರೋದು ಅಂದ್ಕೊಂಡಿದ್ದೆ ಟೀಚರಮ್ಮ" ಎಂದರು. "ಇವಳು ರೊಟ್ಟಿ ತಟ್ಟೋದು ಬಿಟ್ಟು ಎಷ್ಟು ಕಾಲ ಆಯ್ತು! ದಿನಾ ಬಡೀತಿದ್ಲು. ಬಡಿದೂ ಬಡಿದೂ ಸುಸ್ತಾಗಿ ಮಲಗ್ತಿದ್ಲು. ನಾನು ಬರೋ ಹೊತ್ತಿಗೆ ಮಲಗಿರ್ತಿದ್ಲು."

ಅವತ್ತಿನಿಂದ ಅವರು ಬೀಗ ಕೊಳ್ಳಲಿಲ್ಲ. ವಠಾರದ ಆ ಒಂದೇ ಕೋಣೆಯಲ್ಲಿ ಹೆಂಡತಿಯ ಜೊತೆ ಕೂತು ಊದುಬತ್ತಿ ಕಟ್ಟು ಕಟ್ಟುವ ಕೆಲಸ ಹಿಡಿದರು. ಅರ್ಧ ಹೊಟ್ಟೆಯ ಬದುಕು. ನಾನು ಆಗಾಗ ಹೋಗಿ ಒಂದೊಂದು ಗಳಿಗೆ ಅಮ್ಮನ ಪಕ್ಕ ಕೂರುತ್ತಿದ್ದೆ. ಆ ಹೊತ್ತಿನಲ್ಲೂ ಯಜಮಾನ್ರು ಅಂಗಡಿಗೆ ಓಡಿ, ಓಡುತ್ತಲೇ ಬರುತ್ತಿದ್ದರು. ತಂಡ ಗಂಟುಮೂಟೆ ಕಟ್ಟಿತು. ಐಸು ಕರಗಿಸಿದ ಜಾಗದಲ್ಲಿ ಈಗ ಸೋಫಾ ಮಾರುತ್ತಾರೆ.

ಕಾರ್ತಿಕದಲ್ಲಿ ಅಮ್ಮ ಹೋದರು, ಗಂಡನ ತೊಡೆಯ ಮೇಲೆ ತಲೆಯಿಟ್ಟು. ಶಿವಗಣಾರಾಧನೆ ಮುಗಿದು ಎಷ್ಟೋ ದಿನವಾದರೂ ಯಜಮಾನ್ರು ಹೊಸಿಲು ದಾಟುತ್ತಿಲ್ಲ ಎಂದು ವಠಾರದವರು ಹೇಳಿದರು. ಹೋದೆ. ಬಾಗಿಲು ಹಾರುಹೊಡೆದಿತ್ತು. ಒಳಗೆ ಕತ್ತಲಲ್ಲಿ ಗೋಡೆಗೊರಗಿ ಕೂತಿದ್ದರು, ಗಡ್ಡ ಪೊದೆಯಾಗಿ ಬೆಳೆದಿತ್ತು.

"ಏಳಿ ಯಜಮಾನ್ರೇ, ಹೊರಗೆ ಬಿಸಿಲು ಚೆನ್ನಾಗಿದೆ. ಒಂದು ಕಾಫಿ ಕುಡ್ಕೊಂಡು ಬರೋಣ."

"ಇಲ್ಲ ಟೀಚರಮ್ಮ. ಅವಳು ಒಳಗಿದ್ಲು, ನಾನು ಹೊರಗಿದ್ದೆ. ಈಗ ನಾನು ಕೂತಿರ್ಬೇಕು."

"ಎಷ್ಟು ದಿನ ಅಂತ?" ನನ್ನ ಹಾಳು ಸಿಟ್ಟು, ಅಲ್ಲೂ ದನಿಯೇರಿತು.

ಅವರು ನನ್ನನ್ನೇ ನೋಡಿದರು. "ಅದು ನನಗೆ ಹೇಗೆ ಗೊತ್ತಾಗತ್ತೆ? ಟೈಮ್ ನೋಡೋರು ನೀವಲ್ವಾ?"

ಹೊಸಿಲಿನಾಚೆ ನಿಂತುಕೊಂಡೇ, ಮೇಜಿನಲ್ಲಿ ಮಾಡುತ್ತಿದ್ದ ಹಾಗೆ, "ಹೂಂ" ಎಂದು ಕತ್ತು ಹಾಕಿದೆ.

"ಸರಿಯಾಗಿ ನೋಡಿದ್ರಾ?"

"ನೋಡ್ದೆ. ಮುಗೀತು. ಬನ್ನಿ."

ಗೋಡೆ ಹಿಡಿದು ಎದ್ದರು. ಅಭ್ಯಾಸಬಲದಿಂದ ಬಲಗೈ ಚಿಲಕಕ್ಕೆ ಹೋಯಿತು. ಮುಟ್ಟಿ, ಹಾಗೇ ಬಿಟ್ಟರು. ಬಾಗಿಲು ಎಳೆದುಕೊಳ್ಳದೆ ನನ್ನ ಹಿಂದೆಯೇ ಬೀದಿಗೆ ಇಳಿದರು.

ಮುಂದಿನ ಯುಗಾದಿಗೆ ಅವರೂ ಇರಲಿಲ್ಲ. ಬೆಳಗಿನ ಬಿಸಿಲಿನಲ್ಲಿ, ಬೀದಿಯ ಕಡೆಗಿರುವ ವಠಾರದ ಜಗಲಿಯ ಮೇಲೆ ಕೂತಿದ್ದಾಗಲೇ ಹೋದರಂತೆ. ಮನೆಯ ಬಾಗಿಲು ತೆರೆದೇ ಇತ್ತಂತೆ.