ಒರಗಿಕೊಂಡು ತುಳಿಯುವ ಗಾಡಿ

ಹೋದ ಬೇಸಿಗೆಯಲ್ಲಿ ಹಾಸನದ ಮಾರುಕಟ್ಟೆಯಲ್ಲಿ ಮಾವಿನಹಣ್ಣು ಆರಿಸುತ್ತಿದ್ದೆ. ವ್ಯಾಪಾರಿ ಬುಟ್ಟಿಯ ತಳದ ಹುಲ್ಲು ಸರಿಸಿದ. ಒಂದು ಕಾಗದದ ಪೊಟ್ಟಣ ಕಂಡಿತು, ಅದರ ಜೊತೆಗೇ ಕೊಳೆತ ಬೆಳ್ಳುಳ್ಳಿಯಂಥ ವಾಸನೆ. ಕಾರ್ಬೈಡ್. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದಿನ ಅಂಗಡಿಗೆ ಹೋದರು. ನಾನು ಹಣ್ಣನ್ನು ಕೊಳ್ಳಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಅರಕಲಗೂಡಿನ ಒಂದು ತಗಡಿನ ಶೆಡ್ಡು, ಅದರ ಮೂಲೆಯಲ್ಲಿ ಇದೇ ಕಾರ್ಬೈಡಿನಿಂದ ಗ್ಯಾಸ್ ತಯಾರಾಗುವ ಡ್ರಮ್ಮು, ಡ್ರಮ್ಮಿನಿಂದ ಹೊರಚೆಲ್ಲಿದ ಸುಣ್ಣದಂಥ ಬಿಳಿ ರಾಡಿ... ಎಲ್ಲವೂ ಆ ವಾಸನೆಯ ಹಿಂದೆಯೇ ಬಂದವು. ಆ ಶೆಡ್ಡಿನಲ್ಲಿ ಗ್ಯಾಸ್ ವೆಲ್ಡಿಂಗ್ ಮಾಡುತ್ತಿದ್ದವರನ್ನು ನಾನು ಕೊನೆಯವರೆಗೂ 'ವೆಲ್ಡಿಂಗಿನವರು' ಎಂದೇ ಕರೆದೆ.

ತೊಂಬತ್ತೇಳನೆಯ ಇಸವಿಯಲ್ಲಿ ನನಗೆ ಕ್ಷಯ ಬಂದಿತ್ತು. ಆಗ ನನಗೆ ಇಪ್ಪತ್ತೆಂಟು ವರ್ಷ. ರಾಮನಾಥಪುರದಲ್ಲಿ ನಮ್ಮ ತಂದೆ ದೇವಸ್ಥಾನದ ಅರ್ಚಕರು. ಮನೆಯಲ್ಲಿ ನನ್ನ ತಟ್ಟೆ, ಲೋಟ, ಹಾಸಿಗೆ ಎಲ್ಲ ಬೇರೆಯಾದವು. ತಿಂಗಳುಗಟ್ಟಲೆ ದಿನವೂ ಇಂಜೆಕ್ಷನ್. ಕಾಯಿಲೆ ವಾಸಿಯಾಯಿತು. ಆದರೆ ಒಂದು ದಿನ ಎದ್ದು ನಿಂತರೆ ನೆಲ ನಿಲ್ಲಲಿಲ್ಲ. ಕಿವಿಯೊಳಗೆ ಸಮತೋಲ ಕಾಯುವ ಭಾಗ ಇರುತ್ತದೆ, ಕೆಲವರಿಗೆ ಈ ಔಷಧಿಯಿಂದ ಅದು ಹೋಗಿಬಿಡುತ್ತದೆ, ಹೋದದ್ದು ಮರಳುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದರು. ಅಂದಿನಿಂದ ನಡೆದರೆ ತೂರಾಡುತ್ತೇನೆ. ನಡೆಯುತ್ತಾ ಅಂಗಡಿಯ ಬೋರ್ಡು ಓದಲು ಹೋದರೆ ಅಕ್ಷರಗಳು ಕುಣಿಯುತ್ತವೆ. ವಾಸಿಯಾದ ಮೇಲೂ ಮನೆಯಲ್ಲಿ ನನ್ನ ಲೋಟ ಬೇರೆಯಾಗಿಯೇ ಉಳಿಯಿತು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ನಾನೇ ಅರಕಲಗೂಡಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಬಂದುಬಿಟ್ಟೆ.

ನಾನು ಪಾಠ ಹೇಳುತ್ತಿದ್ದ ಪ್ರಾಥಮಿಕ ಶಾಲೆ ಊರಿನಿಂದ ಮೂರು ಕಿಲೋಮೀಟರು. ಬಸ್ಸಿನ ಹೊತ್ತಿಗೂ ಶಾಲೆಯ ಹೊತ್ತಿಗೂ ಹೊಂದಿಕೆಯೇ ಇರಲಿಲ್ಲ. ಹೊಗೆಸೊಪ್ಪಿನ ಹೊಲಗಳ ಬೇಲಿ ಹಿಡಿದುಕೊಂಡು ನಡೆಯುತ್ತಿದ್ದೆ. ಎದುರು ಬರುವವರು ಮೊದಮೊದಲು ನಿಂತು ನೋಡುತ್ತಿದ್ದರು, ಆಮೇಲೆ ರಸ್ತೆಯ ಆಚೆ ಬದಿಗೆ ಸರಿಯತೊಡಗಿದರು. ಟೀಚರಮ್ಮನಿಗೆ ಗಾಳಿ ಸೋಕಿದೆಯಂತೆ ಎಂಬ ಮಾತು ಶಾಲೆಗೂ ಬಂತು. ಒಂದು ದಿನ ಹೆಡ್ ಮೇಷ್ಟ್ರು ಕರೆದು, "ನೋಡೀಮ್ಮಾ, ಹೀಗೆ ದಿನಾ ಅರ್ಧ ಗಂಟೆ ತಡವಾಗಿ ಬಂದರೆ ನಾನಾದರೂ ಏನು ಮಾಡಲಿ? ಜೂನ್ ಹೊತ್ತಿಗೆ ಏನಾದರೂ ಏರ್ಪಾಡು ಮಾಡ್ಕೊಳ್ಳಿ. ಇಲ್ಲದಿದ್ರೆ ದೀರ್ಘ ರಜೆ ಹಾಕಿ" ಎಂದರು. ರಜೆ ಹಾಕಿ ಹೋಗಬೇಕಾದದ್ದು ಎಲ್ಲಿಗೆ ಎಂದು ನನಗೆ ಗೊತ್ತಿತ್ತು. ಆ ಬೇರೆ ಲೋಟದ ಮನೆಗೆ.

ಅದೇ ವಾರ ವೆಲ್ಡಿಂಗ್ ಶೆಡ್ಡಿನ ಮುಂದೆ ಬಿದ್ದೆ. ಅವರು ಕಪ್ಪು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಬಂದರು. ಐವತ್ತು ದಾಟಿದ ಸಣಕಲು ಮೈಯ ಮನುಷ್ಯ. ಒಂದು ಸ್ಟೂಲು ತಂದಿಟ್ಟು, ನಾನು ಕೂತ ಮೇಲೆ ಕೇಳಿದರು:

"ಕೂತ್ಕಂಡಾಗ್ಲೂ ತಲೆ ಸುತ್ತತದಾ, ಇಲ್ಲಾ ನಿಂತ್ರೆ ಮಾತ್ರವಾ?"

"ಕೂತರೆ ಅಷ್ಟಿಲ್ಲ."

"ಕಾಲಲ್ಲಿ ಸಕ್ತಿ ಐತಾ?"

"ಇದೆ."

"ಅಂಗಾರೆ ಕೂತ್ಕಂಡೇ ಓಗ್ಬೋದಲ್ಲ ಟೀಚರಮ್ಮ."

ಏನು ಕಾಯಿಲೆ, ಯಾಕೆ ಬಂತು, ಮದುವೆ ಆಗಿದೆಯಾ ಎಂದೆಲ್ಲ ಕೇಳಿದವರನ್ನು ನೋಡಿದ್ದೆ. ನನ್ನಲ್ಲಿ ಉಳಿದಿರುವುದು ಏನು ಎಂದು ಕೇಳಿದವರು ಅವರೊಬ್ಬರೇ.

ಮುಂದಿನ ಭಾನುವಾರ ಬಸ್ ಸ್ಟ್ಯಾಂಡಿನ ಹತ್ತಿರ ಬೀಡಿ ಅಂಗಡಿ ಇಟ್ಟಿದ್ದವರ ಮೂರು ಚಕ್ರದ ಗಾಡಿಯನ್ನು ಕೇಳಿ ತಂದಿದ್ದರು. ಕಾಲಿಲ್ಲದವರಿಗೆಂದು ಸರ್ಕಾರ ಕೊಡುವ, ಕೈಯಲ್ಲಿ ಪೆಡಲು ತಿರುಗಿಸುವ ಗಾಡಿ ಅದು. ನೂರು ಮಾರು ಹೋಗುವಷ್ಟರಲ್ಲಿ ನನಗೆ ಏದುಸಿರು. ಕ್ಷಯ ತಿಂದುಳಿಸಿದ ಎದೆ ಅದು. ಅವರು ನನ್ನ ಮುಖ ನೋಡಿ, "ಇದು ಆಗಕಿಲ್ಲ ಬುಡಿ" ಎಂದರು. ನಾನು ಪರವಾಗಿಲ್ಲ, ಅಭ್ಯಾಸವಾಗುತ್ತೆ ಎಂದೆ. "ದಿನಾ ಓಗೋ ಗಾಡಿ ಕಣವ್ವ. ಒಂದಿನ ತಡ್ಕಳದು ಬೇರೆ, ದಿನಾ ತಡ್ಕಳದು ಬೇರೆ."

ಆಮೇಲೆ ಸಾಮಾನು ಹೊರುವ ಮೂರು ಚಕ್ರದ ಸೈಕಲ್ಲು. ಅದರ ಸೀಟು ಎತ್ತರ, ತಿರುವಿನಲ್ಲಿ ಇಡೀ ಗಾಡಿ ವಾಲುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು ಹ್ಯಾಂಡಲು ಬಿಟ್ಟುಬಿಟ್ಟೆ. ಅವರು ಓಡಿ ಬಂದು ಹಿಡಿಯದಿದ್ದರೆ ಚರಂಡಿಗೆ ಬೀಳುತ್ತಿದ್ದೆ. ಅಂದು ನಾನು ಇದೆಲ್ಲ ಸಾಕು ಎಂದು ಹೇಳಿ ಮನೆಗೆ ಬಂದೆ.

ಎರಡು ದಿನ ಬಿಟ್ಟು ಅವರೇ ನನ್ನ ಕೋಣೆ ಹುಡುಕಿಕೊಂಡು ಬಂದರು. ನಾನು ಜಗುಲಿಯಲ್ಲಿ, ಮನೆಯ ಯಜಮಾನಿಯ ತೀರಿಹೋದ ಗಂಡ ಬಳಸುತ್ತಿದ್ದ ಆರಾಮ ಕುರ್ಚಿಯಲ್ಲಿ ಒರಗಿ ನೋಟ್‌ಬುಕ್ಕು ತಿದ್ದುತ್ತಿದ್ದೆ. ಬೆನ್ನೂ ಕುತ್ತಿಗೆಯೂ ಆನಿಕೊಂಡರೆ ಅಕ್ಷರಗಳು ತಮ್ಮ ಜಾಗದಲ್ಲಿ ನಿಲ್ಲುತ್ತಿದ್ದವು. ಅವರು ಅಂಗಳದಲ್ಲಿ ನಿಂತು ಬಹಳ ಹೊತ್ತು ನೋಡಿದರು. ಮೆಟ್ಟಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತು, ನನ್ನ ಬೆನ್ನು ಎಷ್ಟು ವಾಲಿದೆ, ಮೊಣಕಾಲು ಎಲ್ಲಿ ಮಡಿಯುತ್ತದೆ ಎಂದು ಗೇಣು ಹಾಕಿ ಗಾಳಿಯಲ್ಲೇ ಅಳೆದರು.

"ಈ ಕುರ್ಚಿಗೇ ಚಕ್ರ ಇಕ್ಬುಟ್ರೆ ಎಂಗೆ?" ಎಂದರು.

ಮನೆಯ ಯಜಮಾನಿ ಒಳಗಿನಿಂದಲೇ, "ಹೆಣ್ಣು ಹೆಂಗಸು ಬೀದೀಲಿ ಕಾಲು ಚಾಚ್ಕೊಂಡು ಮಲಗಿ ಹೋಗೋದಾ? ಚೆನ್ನಾಗಿರುತ್ತಾ ಅದು?" ಎಂದರು. ವೆಲ್ಡಿಂಗಿನವರು ಆ ಮಾತನ್ನು ತಳ್ಳಿಹಾಕಲಿಲ್ಲ. ತಲೆ ಕೆರೆದುಕೊಂಡು, "ಅದೂ ಸರಿಯೇ. ಅದಕ್ಕೂ ಏನಾರ ಮಾಡಾನ" ಎಂದು ಹೇಳಿ ಹೋದರು.

ಹೊಳೆನರಸೀಪುರದ ಗುಜರಿ ಅಂಗಡಿಯಿಂದ ಮಕ್ಕಳ ಸೈಕಲ್ಲಿನ ಮೂರು ಚಕ್ರ ಬಂದವು. ಎರಡು ಹಿಂದೆ, ಒಂದು ಮುಂದೆ. ಪೆಡಲು ಮುಂದಿನ ಚಕ್ರಕ್ಕಿಂತ ತುಸು ಹಿಂದೆ, ಸರಿಯಾಗಿ ನನ್ನ ಕಾಲಿನ ಅಳತೆಗೆ. ಅಲ್ಲಿಂದ ಹಿಂದಿನ ಚಕ್ರದವರೆಗೆ ಎರಡು ಚೈನು ಸೇರಿಸಿ ಮಾಡಿದ ಒಂದು ಉದ್ದ ಚೈನು. ಸೀರೆ ಸಿಕ್ಕಿಕೊಳ್ಳದ ಹಾಗೆ ಎಣ್ಣೆ ಡಬ್ಬದ ತಗಡು ಬಡಿದು ಚೈನಿಗೆ ಮುಚ್ಚಳ. ಹ್ಯಾಂಡಲನ್ನು ಎದೆಯ ಮುಂದಿಡದೆ ಸೀಟಿನ ಎರಡು ಬದಿಗೆ, ಕೈ ಇಳಿಬಿಟ್ಟರೆ ಸಿಗುವಲ್ಲಿ ಇಟ್ಟರು. ಸೀಟನ್ನು ಮಾತ್ರ ಮೂರು ಸಲ ಮಾಡಬೇಕಾಯಿತು. ಹಲಗೆ ಹಾಕಿದರೆ ರಸ್ತೆಯ ಕುಲುಕಾಟ ತಲೆಗೆ ಬಂತು. ಸ್ಪಂಜು ಹಾಕಿದರೆ ಬೆವರು. ಕೊನೆಗೆ, ಬೇಡವೆಂದಿದ್ದ ಆ ಯಜಮಾನಿಯೇ ಅಟ್ಟದಿಂದ ಹಳೆಯ ಮಂಚದ ನವಾರಿನ ಪಟ್ಟಿ ಇಳಿಸಿಕೊಟ್ಟರು. ವೆಲ್ಡಿಂಗಿನವರು ಅದನ್ನು ಬಿಗಿಯಾಗಿ ನೇಯ್ದು, ಕುತ್ತಿಗೆಯ ಹತ್ತಿರ ಮಾತ್ರ ಸ್ವಲ್ಪ ಸಡಿಲ ಬಿಟ್ಟರು. ಸೀಟನ್ನು ಜಗುಲಿಯ ಎತ್ತರಕ್ಕೆ ಏರಿಸಿದರು. ಮಲಗಿದ ಹಾಗಲ್ಲ, ಬೆಂಚಿನ ಮೇಲೆ ಒರಗಿ ಕೂತ ಹಾಗೆ ಕಾಣಬೇಕೆಂದು.

ಮೇ ಕೊನೆಯಲ್ಲಿ ಮೊದಲ ಸಲ ರಸ್ತೆಗೆ ಇಳಿದೆ. ಜನ ನೋಡುತ್ತಿದ್ದರು. ನಾಚಿಕೆಯಿಂದ ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡು ಬದಿಯ ಹ್ಯಾಂಡಲನ್ನು ಬಿಗಿಹಿಡಿದು ತುಳಿದೆ. ತಲೆ ತಿರುಗತೊಡಗಿತು. ಪಕ್ಕದಲ್ಲಿ ನಡೆದು ಬರುತ್ತಿದ್ದ ಅವರು ಮೆಲ್ಲಗೆ ಹೇಳಿದರು: "ಒರಗ್ಕಳಿ ಟೀಚರಮ್ಮ. ಒರಗ್ಲಿ ಅಂತ್ಲೇ ಮಾಡಿರದು."

ಒರಗಿದೆ. ಎದುರಿನ ಮೈಲಿಗಲ್ಲು ಅಲುಗದೆ ನಿಂತಿತ್ತು. ಎರಡು ವರ್ಷದಲ್ಲಿ ಮೊದಲ ಸಲ, ಚಲಿಸುತ್ತಿರುವಾಗಲೇ ಅದರ ಮೇಲಿನ ಅಕ್ಷರ ಓದಿದೆ.

ಜೂನಿನಲ್ಲಿ ಗಂಟೆ ಹೊಡೆಯುವ ಮೊದಲೇ ಶಾಲೆಯಲ್ಲಿದ್ದೆ. ಮೂರು ವರ್ಷ ಆ ಗಾಡಿಯಲ್ಲಿ ಓಡಾಡಿದೆ. ಶಾಲೆಯ ಮಕ್ಕಳು ಅದಕ್ಕೆ 'ಟೀಚರ ಕುರ್ಚಿ' ಎಂದು ಹೆಸರಿಟ್ಟರು. ಸಂಜೆ ವಾಪಸು ಬರುವಾಗ ಶೆಡ್ಡಿನ ಮುಂದೆ ನಿಲ್ಲಿಸುತ್ತಿದ್ದೆ. ಅವರ ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಮಗ ಹೊಳೆನರಸೀಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡು ಅಲ್ಲೇ ಸಂಸಾರ ಹೂಡಿದ್ದ. ಅವರು ಚೈನಿಗೆ ಎಣ್ಣೆ ಬಿಡುತ್ತಿದ್ದರು, ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳುತ್ತಿದ್ದರು. "ಇವತ್ತೆಂಗಿತ್ತು?" ಎನ್ನುವರು. "ಆರಾಮಾಗಿತ್ತು" ಎನ್ನುವೆ. ಅಷ್ಟೇ ಮಾತು. ಎಷ್ಟೋ ದಿನ, ಪಾಠ ಬಿಟ್ಟರೆ ನಾನು ಆಡಿದ ಮಾತು ಅದೊಂದೇ ಆಗಿರುತ್ತಿತ್ತು. ಅವರದೂ ಹಾಗೆಯೇ ಇತ್ತೇನೋ... ಕೇಳಲಿಲ್ಲ.

ಎರಡು ಸಾವಿರದ ಎರಡರಲ್ಲಿ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಗಾಡಿಯನ್ನು ಟೆಂಪೋದಲ್ಲಿಟ್ಟು ಹಗ್ಗ ಬಿಗಿದವರು ಅವರೇ. "ಏನಾರ ಸಡ್ಲ ಆದ್ರೆ ಒಂದು ಕಾಗ್ದ ಆಕಿ" ಎಂದರು.

ಅಲ್ಲಿ ನನ್ನ ಶಾಲೆಗೆ ಹೋಗಲು ಹೆದ್ದಾರಿಯ ಬದಿಯಲ್ಲೇ ತುಳಿಯಬೇಕಿತ್ತು. ಜಗುಲಿಯಷ್ಟೇ ಎತ್ತರದಲ್ಲಿ ಕೂತವಳು ಲಾರಿಯವರ ಕಣ್ಣಿಗೆ ಬೀಳುತ್ತಿರಲಿಲ್ಲ. ಶಾಲೆಯ ವಿಳಾಸದಿಂದ ಅವರಿಗೆ ಕಾಗದ ಬರೆದೆ: ಗಾಡಿ ಚೆನ್ನಾಗಿದೆ, ಆದರೆ ನಾನು ಯಾರಿಗೂ ಕಾಣಿಸುತ್ತಿಲ್ಲ, ಭಯವಾಗುತ್ತದೆ, ಏನಾದರೂ ಮಾಡಲಾದೀತೇ? ಉತ್ತರ ಬರಲಿಲ್ಲ. ಇನ್ನೊಂದು ಬರೆದೆ. ಅದಕ್ಕೂ ಇಲ್ಲ. ಕಣ್ಣಿಂದ ಮರೆಯಾದವಳನ್ನು ಅವರೂ ಮರೆತರು ಎಂದುಕೊಂಡೆ. ನನಗೆ ಅದು ಹೊಸದೇನೂ ಆಗಿರಲಿಲ್ಲ. ಮಳೆಗಾಲದಲ್ಲಿ ಒಂದು ದಿನ ಲಾರಿಯೊಂದು ಸವರಿಕೊಂಡು ಹೋಗಿ ನಾನು ಗಾಡಿ ಸಮೇತ ಹಳ್ಳಕ್ಕೆ ಇಳಿದೆ. ಪೆಟ್ಟೇನೂ ಆಗಲಿಲ್ಲ. ಆದರೆ ಆಮೇಲೆ ಅದನ್ನು ಹತ್ತಲಿಲ್ಲ. ಶಾಲೆಯ ಹತ್ತಿರವೇ ಮನೆ ಬದಲಿಸಿ, ಗೋಡೆ ಹಿಡಿದು ನಡೆಯತೊಡಗಿದೆ. ಗಾಡಿ ಹಿತ್ತಿಲಿನಲ್ಲಿ ಎರಡು ಮಳೆಗಾಲ ನೆನೆಯಿತು. ಗುಜರಿಯವನು ಬಂದಾಗ ಕೊಟ್ಟುಬಿಟ್ಟೆ. ಕಬ್ಬಿಣ ಮಾತ್ರ ಬೇಕು ಎಂದು ಅವನು ನವಾರನ್ನು ನನ್ನೆದುರಿಗೇ ಬ್ಲೇಡಿನಿಂದ ಕೊಯ್ದು ಬಿಸಾಡಿದ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅದಾಗಿ ಎರಡೇ ತಿಂಗಳು. ಒಂದು ಭಾನುವಾರ, ಶಾಲೆಯ ಬಳಿ ಮನೆ ಕೇಳಿಕೊಂಡು ಬಂದ ವೆಲ್ಡಿಂಗಿನವರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಆಳೆತ್ತರದ ಸಣ್ಣ ಪೈಪು, ಅದರ ತುದಿಯಲ್ಲಿ ಕೆಂಪು ಬಟ್ಟೆ ಸುತ್ತಿತ್ತು. ಒಂದು ಕಣ್ಣಿನ ಮೇಲೆ ಬಿಳಿ ಪೊರೆ.

"ತಡ ಆಗೋಯ್ತು ಟೀಚರಮ್ಮ" ಎಂದರು ಕೂರುತ್ತಾ. "ನಿಮ್ಮ ಕಾಗ್ದ ಬಂದಾಗ ನಂಗೆ ಅಕ್ಸರ ಕಾಣ್ತಿರ್ಲಿಲ್ಲ. ಮಗ ಬಂದಾಗ ಓದ್ಸಿ ಕೇಳ್ದೆ. ಆಮ್ಯಾಕೆ ಆಸನದ ದೊಡ್ಡಾಸ್ಪತ್ರೇಲಿ ಕಣ್ಣಿನ ಆಪ್ರೇಸನ್ನು. ಈ ಕಣ್ಣು ಬರ್ಲೇ ಇಲ್ಲ. ಇನ್ನೊಂದ್ರಲ್ಲಿ ವಸಿ ಮಸುಕಾಗಿ ಕಾಣ್ತದೆ. ಬರೀ ಉತ್ರ ಬರ್ಸಿ ಏನ್ ಮಾಡದು, ಮಾಡ್ಕಂಡೇ ಓಗಾನ ಅಂದ್ಕಂಡೆ." ಪೈಪನ್ನು ನನ್ನ ಕಡೆ ಚಾಚಿದರು. "ಸೀಟಿನ ಇಂದೆ ಸಿಗಾಕದು. ಬಾವುಟ ಮ್ಯಾಲೆ ಆರಾಡ್ತಾ ಇದ್ರೆ ಲಾರಿಯೋನ್ಗೆ ದೂರದಿಂದ್ಲೇ ಕಾಣ್ತದೆ. ಗಾಡಿ ಎಲ್ಲೈತೆ? ಕೂಡ್ಸಿ ನೋಡಾನ."

ನಾನು, "ಗಾಡಿ ಶಾಲೇಲಿದೆ. ಇವತ್ತು ಬೀಗ ಹಾಕಿರ್ತಾರೆ" ಎಂದೆ.

ಯಾಕೆ ಹಾಗೆಂದೆ? ನಿಜ ಹೇಳಿದ್ದರೆ ಅವರೇನೂ ಬೈಯುತ್ತಿರಲಿಲ್ಲ. ಆದರೆ ಆ ಮಸುಕುಗಣ್ಣಿನಲ್ಲಿ ಅಷ್ಟು ದೂರ ಬಂದವರ ಮುಂದೆ ಬಾಯಿ ಬರಲಿಲ್ಲ... "ಆಗ್ಲಿ ಬುಡಿ" ಎಂದರು. ಊಟ ಮಾಡಿದರು. ಕೈ ತೊಳೆಯಲು ಹಿತ್ತಿಲಿಗೆ ಹೋದವರು ಬರಲು ತಡವಾಯಿತು. ಅಲ್ಲಿ ಬೇಲಿಯ ಬುಡದಲ್ಲಿ ಗುಜರಿಯವನು ಬಿಸಾಡಿದ್ದ ನವಾರಿನ ತುಂಡುಗಳು ಇನ್ನೂ ಬಿದ್ದಿದ್ದವು. ಅವರಿಗೆ ಅದು ಕಂಡಿತೋ ಇಲ್ಲವೋ, ಆಗ ನನಗೆ ತಿಳಿಯಲಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ಜೊತೆಯಲ್ಲಿ ಹೋದೆ. ದಾರಿ ಸರಿಯಾಗಿ ಕಾಣದ ಅವರು ನನ್ನ ತೋಳು ಹಿಡಿದರು. ನೆಲ ನಿಲ್ಲದ ನಾನು ಅವರ ತೋಳು ಹಿಡಿದೆ. ಹಳ್ಳ ಬಂದಾಗ ನಾನು ಹೇಳುತ್ತಿದ್ದೆ, ನಾನು ವಾಲಿದಾಗ ಅವರು ಎಳೆದುಕೊಳ್ಳುತ್ತಿದ್ದರು. ಯಾರೊಬ್ಬರ ಕೈಯನ್ನೂ ನಾನು ಅಷ್ಟು ಹೊತ್ತು ಹಿಡಿದದ್ದಿಲ್ಲ.

ಹೊಳೆನರಸೀಪುರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರು. ಬಸ್ಸು ಶುರುವಾದಾಗ ತಲೆ ಹೊರಗೆ ಹಾಕಿ, ನಾನು ನಿಂತ ದಿಕ್ಕನ್ನು ಊಹಿಸಿ ಹೇಳಿದರು: "ಟೀಚರಮ್ಮ, ಗಾಡಿ ಏನಾರ ಕೆಟ್ಟುಗಿಟ್ಟು ಓಗಿದ್ರೆ ಏಳ್ಬುಡಿ. ಇನ್ನೊಂದು ಮಾಡಾನ. ಕಣ್ಣು ಓದ್ರೂ ಕೈಗೆ ಗ್ಯಾಪಕ ಐತೆ."

"ಇಲ್ಲ ಇಲ್ಲ, ಚೆನ್ನಾಗೇ ಇದೆ" ಎಂದೆ.

ಅವರು ತಲೆಯಾಡಿಸಿದರು. ಬಸ್ಸು ಹೋಯಿತು.

ಮರುವರ್ಷ ಅವರ ಮಗನ ಕಾರ್ಡು ಬಂತು. ಅಪ್ಪ ತೀರಿಕೊಂಡರು, ಅವರ ಪೆಟ್ಟಿಗೆಯಲ್ಲಿ ನಿಮ್ಮ ವಿಳಾಸ ಇತ್ತು, ಅದಕ್ಕೆ ತಿಳಿಸುತ್ತಿದ್ದೇನೆ ಎಂದಿತ್ತು. ಕೆಳಗೆ ಇನ್ನೊಂದು ಸಾಲು: ಕೊನೆಯಲ್ಲಿ ಮೂರು ಚಕ್ರ ತರಿಸಿ ಇಟ್ಟುಕೊಂಡಿದ್ದರು, ಯಾರಿಗೆಂದು ಹೇಳಲಿಲ್ಲ.

ಆ ಸಾಲನ್ನು ಓದಿದ ಮೇಲೆ ಹಿತ್ತಿಲಲ್ಲಿ ಅವರಿಗೆ ಏನು ಕಂಡಿತ್ತು ಎನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಅವರು ನನಗೆ ಇನ್ನೊಂದು ಅವಕಾಶ ಕೊಟ್ಟಿದ್ದರು. 'ಹೂಂ, ಮಾಡಿಕೊಡಿ' ಎಂಬ ಎರಡು ಮಾತು ಸಾಕಿತ್ತು. ಅವರ ಕೈಗೂ ಕೆಲಸ ಇರುತ್ತಿತ್ತು, ನನಗೂ ಸಂಜೆಗೊಮ್ಮೆ 'ಇವತ್ತೆಂಗಿತ್ತು' ಎಂದು ಕೇಳುವವರು ಇರುತ್ತಿದ್ದರು... ಮಗನಿಗೆ ಎಲ್ಲವನ್ನೂ ಬರೆದೆ, ಅಂಚೆಗೆ ಹಾಕಲಿಲ್ಲ. ಆ ಕಾಗದ ತಲುಪಬೇಕಾದವರು ಅವನಲ್ಲ.

ಈಗ ಹಾಸನದಲ್ಲಿದ್ದೇನೆ. ಒಬ್ಬಳೇ. ಮಾರುಕಟ್ಟೆಯಿಂದ ಮನೆಗೆ ಕಾಂಪೌಂಡಿನ ಗೋಡೆಗಳನ್ನು ಹಿಡಿದುಕೊಂಡು ಬರುತ್ತೇನೆ. ಗೋಡೆ ಮುಗಿದು ರಸ್ತೆ ದಾಟಬೇಕಾದ ಕಡೆ ನಿಂತು, ಆ ಬದಿಗೆ ಹೋಗುವವರು ಯಾರಾದರೂ ಬರಲಿ ಎಂದು ಕಾಯುತ್ತೇನೆ.