ಬಸವನನ್ನು ಅಟ್ಟಿದ ಕೈ

ಮುಂಗಾರು ಹಿಡಿದರೆ ನಮ್ಮತ್ತೆಯ ಬಲ ಅಂಗೈ ಸಿಪ್ಪೆ ಏಳುತ್ತಿತ್ತು. ಯೂರಿಯಾ ಎರಚಿ ಎರಚಿ ಬೆರಳ ಸಂದುಗಳು ಬಿರಿದಿರುತ್ತಿದ್ದವು. ಸಾರಿಗೆ ಹುಣಸೆಹಣ್ಣು ಕಿವುಚುವಾಗ ಉರಿಗೆ ಹಲ್ಲು ಕಚ್ಚುತ್ತಿದ್ದರು. "ನಾನು ಕಿವುಚ್ತೀನಿ ಬಿಡಿ ಅತ್ತೆ" ಎಂದರೆ, "ಉರೀಲಿ ಬುಡೇ. ಹುಲ್ಲು ಹಸಿರಾಗೋ ಹೊತ್ಗೆ ಇದೂ ವಾಸಿಯಾಯ್ತದೆ" ಎನ್ನುತ್ತಿದ್ದರು.

ನಾನು ತುರುವೇಕೆರೆ ಕಡೆಯಿಂದ ತಿಪಟೂರು ಸೀಮೆಯ ಈ ಊರಿಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಆಗ ಯೂರಿಯಾದಂಥ ಸರ್ಕಾರಿ ಗೊಬ್ಬರವೆಂದರೆ ರಾಗಿ ಹೊಲಕ್ಕೆ. ತೆಂಗಿಗೆ ಕೊಟ್ಟಿಗೆ ಗೊಬ್ಬರ, ಕೆರೆಗೋಡು ಮಣ್ಣು. ಹುಲ್ಲಿಗೆ ಯಾರೂ ಏನನ್ನೂ ಹಾಕುತ್ತಿರಲಿಲ್ಲ. ಹುಲ್ಲು ತಾನಾಗಿ ಹುಟ್ಟುವುದು, ದನ ತಾನಾಗಿ ತಿನ್ನುವುದು. ನಮ್ಮತ್ತೆ ಮಾತ್ರ ತೋಟದ ತಗ್ಗಿನಲ್ಲಿ, ತೆಂಗಿನ ಸಾಲುಗಳ ನಡುವೆ ಗಿನಿ ಹುಲ್ಲು ನೆಟ್ಟು, ಅದಕ್ಕೆ ಯೂರಿಯಾ ಹಾಕಿ ಬೆಳೆಸಿ, ಕೊಯ್ದು ಒಣಗಿಸಿ ಬೇಸಿಗೆಗೆಂದು ಮೆದೆ ಒಟ್ಟುತ್ತಿದ್ದರು.

"ಏನಮ್ಮೋ, ಹುಲ್ಲಿಗೂ ಬಾಣಂತನ ಮಾಡ್ತೀಯಂತೆ?" ಎಂದು ದಾರಿಯಲ್ಲಿ ಹೋಗುವವರು ಕೆಣಕುತ್ತಿದ್ದರು.

"ಹೂಂ ಕಣಪ್ಪ. ಬೇಸ್ಗೇಲಿ ನಿನ್ನೆತ್ತು ನಮ್ಮ ಮೆದೆ ಕಡೀಕೆ ಮೂಗು ಚಾಚ್ತದಲ್ಲ, ಆವಾಗ ಬಂದು ಮಾತಾಡು."

ಪ್ರತಿ ಕೊಯ್ಲಾದ ಮೇಲೆ ಒಂದು ಹದಮಳೆಗೆ ಕಾಯುತ್ತಿದ್ದರು. ಮಾರನೆಯ ದಿನ ಎಲೆಯ ಮೇಲಿನ ತೇವ ಆರಿದ ಮೇಲೆ ಗೊಬ್ಬರವನ್ನು ಮಡಿಲಿಗೆ ಕಟ್ಟಿಕೊಂಡು, ಮದುವೆಮನೆಯಲ್ಲಿ ಅಕ್ಷತೆ ಹಾಕಿದಂತೆ ಸಣ್ಣ ಸಣ್ಣ ಹಿಡಿಯಲ್ಲಿ ಎರಚುತ್ತಿದ್ದರು. "ಜಾಸ್ತಿ ಹಾಕಿದ್ರೆ ಹುಲ್ಲಿಗೆ ಸೊಕ್ಕು ಬತ್ತದೆ ಕಣೇ. ನೆಲಕ್ಕೆ ಬಿದ್ದೋಯ್ತದೆ, ಒಣಗಿಸಿದ್ರೂ ಒಣಗಲ್ಲ, ಮೆದೇಲಿ ಬೂಷ್ಟು ಹಿಡೀತದೆ." ಎರಚಿದ ಮೇಲೆ ತೋಟದ ತಡಿಕೆ ಬಾಗಿಲು ಕಟ್ಟಿಬಿಡುತ್ತಿದ್ದರು. ಮತ್ತೆ ಮಳೆ ಬಿದ್ದು, ಹುಲ್ಲು ಚೆನ್ನಾಗಿ ಬಲಿಯುವವರೆಗೆ ಯಾವ ದನವೂ ಅಲ್ಲಿ ಬಾಯಿ ಹಾಕುವಂತಿರಲಿಲ್ಲ.

ಆ ಕಟ್ಟುನಿಟ್ಟಿನ ಹಿಂದೆ ಒಂದು ಸಂಕಟವಿತ್ತು. ನಾನು ಬರುವ ಮೊದಲು, ಅವರೇ ಸಾಕಿದ ಕಡಸು ಹಗ್ಗ ಕಿತ್ತುಕೊಂಡು ಹೋಗಿ, ಅಂದೇ ಗೊಬ್ಬರ ಹಾಕಿದ್ದ ಹುಲ್ಲು ಮೇದಿತ್ತಂತೆ. ಹೊಟ್ಟೆ ಉಬ್ಬಿ, ಬಾಯಲ್ಲಿ ನೊರೆ ಬಂದು, ದನದ ಡಾಕ್ಟರು ಬರುವಷ್ಟರಲ್ಲಿ ಹೋಗಿಬಿಟ್ಟಿತ್ತು. ಹುಲ್ಲಿನ ಬುಡದಲ್ಲಿ ಕರಗದೆ ಉಳಿದ ಗೊಬ್ಬರದ ಕಾಳೂ ವಿಷ, ಗೊಬ್ಬರ ಕುಡಿದ ಎಳೆಹುಲ್ಲೂ ಕೆಲವು ದಿನ ವಿಷ ಎಂದು ಡಾಕ್ಟರು ಹೇಳಿದ್ದರು. "ಇನ್ನೂ ಒಂದು ಸೂಲೂ ಕಾಣ್ದಿದ್ದ ಕೂಸು ಕಣೇ" ಎನ್ನುವಾಗ ಅತ್ತೆಯ ದನಿ ಇಳಿಯುತ್ತಿತ್ತು.

ನಮ್ಮೂರಲ್ಲಿ ಈಶ್ವರನ ಗುಡಿಗೆ ಬಿಟ್ಟ ಬಸವ ಒಂದಿತ್ತು. ಅದು ಯಾರ ಹೊಲ ಹೊಕ್ಕರೂ ಅಟ್ಟುವಂತಿಲ್ಲ. ಮೇದದ್ದು ದೇವರಿಗೆ ಸಂದಿತು ಎಂದು ಕೈಮುಗಿದು ಸುಮ್ಮನಿರಬೇಕು. ಒಂದು ಸೋಮವಾರ ಬೆಳಿಗ್ಗೆ, ಹಿಂದಿನ ದಿನವಷ್ಟೇ ಗೊಬ್ಬರ ಬಿದ್ದಿದ್ದ ನಮ್ಮ ಹುಲ್ಲಿಗೆ ಅದು ತಡಿಕೆ ಮುರಿದು ನುಗ್ಗಿತು. ಅತ್ತೆ ಮೊದಲು ಕೂಗಿದರು. ಅದು ಜಗ್ಗಲಿಲ್ಲ. ಮೂತಿ ಹುಲ್ಲಿಗೆ ಇಳಿಯುತ್ತಿದ್ದಂತೆ ಕೋಲು ಎತ್ತಿಕೊಂಡು ಮೂತಿಯ ಮೇಲೇ ಬಿಟ್ಟರು. ಗುಡಿಗೆ ಹೊರಟಿದ್ದವರೆಲ್ಲ ದಾರಿಯಲ್ಲಿ ನಿಂತು ನೋಡಿದರು. ನಾನು ಗಲ್ಲ ಗಲ್ಲ ಬಡಿದುಕೊಂಡೆ. ಅತ್ತೆ ಅದನ್ನು ರಸ್ತೆಯವರೆಗೂ ಅಟ್ಟಿಕೊಂಡು ಹೋದರು.

ಮಧ್ಯಾಹ್ನವೇ ಗುಡಿ ಮುಂದೆ ಕರೆಸಿದರು. ಬಾಗಿಲಲ್ಲಿ ಅಡ್ಡಬಿದ್ದು, ಊರೆದುರು 'ತಪ್ಪಾಯ್ತು' ಅನ್ನಬೇಕು ಎಂದರು ಊರ ಯಜಮಾನರು.

"ಬಸವ ಸತ್ತೋಯ್ತಿತ್ತು ಕಣ್ರಪ್ಪ" ಎಂದರು ಅತ್ತೆ.

"ವಿಷ ಕುಡ್ದ ಸ್ವಾಮಿ ವಾಹನ ಕಣಮ್ಮ ಅದು. ನಿನ್ ಗೊಬ್ಬರ ಅದನ್ನೇನು ಮಾಡೀತು?"

"ವಿಷ ಕುಡ್ದಾಗ ಆ ಸ್ವಾಮಿ ಗಂಟ್ಲು ಅಮುಕಿ ಹಿಡ್ದೋಳೂ ಒಬ್ಳು ಹೆಂಗ್ಸೇ ಅಲ್ವಾ? ಆವಮ್ಮನ್ನ ಯಾರು ತಪ್ಪಾಯ್ತು ಅನ್ನು ಅಂದ್ರು?"

ಯಾರೋ ನಕ್ಕರು. ಯಜಮಾನರ ಮುಖ ಕೆಂಪಾಯಿತು. ತಪ್ಪೊಪ್ಪುವವರೆಗೆ ಈಕೆಗೆ ತೀರ್ಥವಿಲ್ಲ, ಮಂಗಳಾರತಿಯಿಲ್ಲ, ಹೊಸಿಲು ದಾಟುವಂತಿಲ್ಲ ಎಂದು ತೀರ್ಮಾನವಾಯಿತು. ನನ್ನ ಗಂಡ ದಾರಿಯುದ್ದಕ್ಕೂ ಬೇಡಿಕೊಂಡರು, "ಒಂದು ಮಾತು ಅಂದ್ಬುಡವ್ವ." ಅತ್ತೆ ಮನೆಗೆ ಬಂದು ಕೊಟ್ಟಿಗೆ ಗುಡಿಸಿದರು.

ಸೋಮವಾರದ ಅಭಿಷೇಕಕ್ಕೆ ಹಾಲು ನಮ್ಮ ಮನೆಯದೇ, ಅದೇ ಹುಲ್ಲು ತಿಂದ ಹಸುವಿನದೇ. ಪೂಜಾರಪ್ಪ ಹೊಸಿಲಾಚೆಯಿಂದ ಕೈಚಾಚಿ ತಂಬಿಗೆ ಇಸಿದುಕೊಳ್ಳುತ್ತಿದ್ದ. ಅತ್ತೆ ಹೊರಗೇ ನಿಂತು ಕೈಮುಗಿಯುತ್ತಿದ್ದರು. "ಹಾಲು ಆಗ್ತದೆ, ನೀವಾಗಲ್ವಾ? ಕೊಡೋದು ನಿಲ್ಸಿ ಅತ್ತೆ" ಎಂದೆ ಒಂದು ದಿನ.

"ಜಗಳ ಊರೋರ ಜತೆ ಕಣೇ. ಸ್ವಾಮಿ ಏನು ಮಾಡ್ದ, ಪಾಪ?"

ಮಳೆ ಕೈಕೊಟ್ಟ ಒಂದು ವರ್ಷ ರಾಗಿ ತೆನೆಯಾಗದೆ ಊರಲ್ಲಿ ಹುಲ್ಲೇ ಇಲ್ಲವಾಯಿತು. ನಮ್ಮ ಮೆದೆ ಮಾತ್ರ ನಿಂತಿತ್ತು. ಆ ಬೇಸಿಗೆ ನಮ್ಮ ಮಕ್ಕಳ ಅನ್ನಕ್ಕೆ ಮೊಸರು ತಪ್ಪಲಿಲ್ಲ. ದೀಪ ಹಚ್ಚಿ ದೇವರ ಮುಂದೆ ನೆನೆಯುವ ಅತ್ತೆಯ ಉಪಕಾರಗಳಲ್ಲಿ ಇಂದಿಗೂ ನನಗೆ ಅದು ಮೊದಲನೆಯದು. ಬಸವನ ಪಕ್ಕೆಲುಬು ಎದ್ದು ಕಾಣುವಂತಾದಾಗ ಊರ ಯಜಮಾನರೇ ನಮ್ಮ ಜಗಲಿಗೆ ಬಂದು ಕೂತರು. ಅವರು ಬಾಯಿ ತೆರೆಯುವ ಮೊದಲೇ ಅತ್ತೆ ಮೆದೆಯಿಂದ ಒಂದು ಹೊರೆ ಹಿರಿದು ತಂದು ಮುಂದಿಟ್ಟರು. "ದಿನಾ ಕಳಿಸ್ತೀನಿ. ಇದು ಬಲಿತು ಒಣಗಿದ ಹುಲ್ಲು, ಏನೂ ಆಗಲ್ಲ."

"ದೊಡ್ಡ ಮನ್ಸು ಮಾಡ್ದೆ ಕಣಮ್ಮ. ಹಂಗೇ ಒಂದ್ಸಲ ಬಂದು ಅಡ್ಡಬಿದ್ಬುಡು, ಮುಗ್ದೋಗ್ಲಿ."

"ಸ್ವಾಮಿಗೆ ದಿನಾ ಅಡ್ಡಬೀಳ್ತೀನಿ, ಮನೇಲೇ. ತಪ್ಪಾಯ್ತು ಅಂತ ಮಾತ್ರ ಅನ್ನಲ್ಲ. ತಪ್ಪಾಗಿಲ್ಲ."

ಯಜಮಾನರು ಹೊರೆ ಹೊತ್ತುಕೊಂಡು ಎದ್ದುಹೋದರು. ಆ ಬಸವ ಬದುಕಿ, ಮುದಿಯಾಗಿ, ತನ್ನ ಕಾಲಕ್ಕೆ ತಾನು ಹೋಯಿತು.

ಅತ್ತೆ ಹೋದದ್ದು ಒಂದು ಶ್ರಾವಣದಲ್ಲಿ, ಹುಲ್ಲಿನ ಎರಡನೆಯ ಕೊಯ್ಲು ಮುಗಿಸಿ ಮಲಗಿದವರು ಏಳಲಿಲ್ಲ. ತೊಳೆಯಲು ಹಿಡಿದಾಗ ಆ ಅಂಗೈ ನನ್ನ ಕೈಗೆ ಒರಟಾಗಿ ತಾಗಿತು. ತಿಥಿಗೆ ಮೊದಲು ಊರಿನವರು ಬಂದು, ಹಳೆಯ ತಪ್ಪು ಮನೆಗೆ ಉಳಿಯಬಾರದು, ಸತ್ತವರ ಪರವಾಗಿ ಸೊಸೆ ಒಂದು ಮಾತು ಅಂದರೆ ಸಾಕು ಎಂದರು. ನನಗೆ ದೇವರ ಭಯ ಬಹಳ, ಊರೆಲ್ಲ ಬಲ್ಲದು. ಅದಕ್ಕೇ ನನ್ನನ್ನು ಕೇಳಿದರು.

"ನಮ್ಮತ್ತೆ ಅನ್ನದೇ ಇದ್ದ ಮಾತ್ನ ನಾನೂ ಅನ್ನಲ್ಲ ಕಣ್ರಪ್ಪ" ಎಂದೆ. ತೀರ್ಥ, ಮಂಗಳಾರತಿ ನನಗೂ ನಿಂತವು.

ಈಗ ಸೋಮವಾರದ ತಂಬಿಗೆ ಹಿಡಿದು ಹೊಸಿಲ ಹೊರಗೆ ನಾನು ನಿಲ್ಲುತ್ತೇನೆ. ಅಲ್ಲಿಂದಲೂ ಸ್ವಾಮಿ ಚೆನ್ನಾಗಿ ಕಾಣುತ್ತಾನೆ. ಮಳೆ ಬಂದ ಮಾರನೆಯ ದಿನ ಮಡಿಲಿಗೆ ಗೊಬ್ಬರ ಕಟ್ಟಿಕೊಳ್ಳುತ್ತೇನೆ, ನನ್ನ ಬೆರಳ ಸಂದೂ ಬಿರಿಯುತ್ತದೆ. ಗುಡಿಗೆ ಹೊಸ ಬಸವ ಬಿಟ್ಟಿದ್ದಾರೆ. ಅದಕ್ಕೂ ನಮ್ಮ ಹುಲ್ಲಿನ ಮೇಲೇ ಕಣ್ಣು. ಅತ್ತೆಯ ಕೋಲು ತಡಿಕೆಯ ಹಿಂದೆ ಇಟ್ಟಲ್ಲೇ ಇದೆ. ಬಸವ ಬಂದರೆ ಮೊದಲು ಕೈಮುಗಿಯುತ್ತೇನೆ. ಆಮೇಲೆ ಕೋಲೆತ್ತುತ್ತೇನೆ.