ಮಗ್ರಿಬ್ ಹೊತ್ತಿನ ಬಸ್ಸು

ಹೋದ ವಾರ ನನ್ನ ಹೆಂಡತಿ ಹಳೆಯ ಟ್ರಂಕು ತೆಗೆದು, ತಳದಲ್ಲಿ ಸಿಕ್ಕ ನನ್ನ ಖಾಕಿ ಅಂಗಿಯೊಂದನ್ನು ನೆಲ ಒರೆಸುವ ಅರಿವೆ ಮಾಡಲೆಂದು ಬಕೆಟ್ಟಿನಲ್ಲಿ ಅದ್ದಿದಳು. ನಾನು ಕಂಡಕ್ಟರನಾಗಿದ್ದ ಕಾಲದ ಅಂಗಿ ಅದು. ಒದ್ದೆಯಾದ ಖಾಕಿಗೆ ಒಂದು ವಾಸನೆ ಇರುತ್ತದೆ. ಬೆವರು, ಡೀಸೆಲ್ಲು, ದಾರಿಯ ಧೂಳು ಮೂರೂ ಕಲೆತ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ಮೊಣಕೈವರೆಗೆ ಮಡಚಿದ, ಅಂಚು ಒದ್ದೆಯಾದ ಒಂದು ತೋಳು ಕಣ್ಣಿಗೆ ಕಟ್ಟಿತು. ಸ್ಟೇರಿಂಗ್ ಮೇಲೆ ಇಟ್ಟ ತೋಳು... ನಮ್ಮ ಡ್ರೈವರ್ ಚಾಚಾನದು.

ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ನಡುವಿನ ತನಕ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ದುಡಿದೆವು. ಮುಂಜಾನೆ ಬಾಗಲಕೋಟೆಯಿಂದ ಇಳಕಲ್ಲಿಗೆ, ಮಧ್ಯಾಹ್ನದ ಮೇಲೆ ಇಳಕಲ್ಲಿನಿಂದ ಹುನಗುಂದ, ಅಮೀನಗಡ, ಕಮತಗಿ, ಶಿರೂರು ಹಾಯ್ದು ಮತ್ತೆ ಬಾಗಲಕೋಟೆಗೆ. ಅವರು ಇಳಕಲ್ಲಿನವರು, ನನಗಿಂತ ಬಹಳ ಹಿರಿಯರು. ನಾನು ಶಿರೂರಿನ ಕಡೆಯವ, ಬೀರಪ್ಪನ ಒಕ್ಕಲು. ಒಕ್ಕಲು ಅಂದರೂ ನನ್ನ ಭಕ್ತಿ ವರ್ಷಕ್ಕೊಮ್ಮೆ ಭಂಡಾರ ಹಚ್ಚಿಕೊಳ್ಳುವಷ್ಟರದು. ಉಳಿದ ದಿನ ಬೀರಪ್ಪ ನನ್ನನ್ನು ನೋಡಿಕೊಳ್ಳಬೇಕು, ನಾನು ಬಸ್ಸು ನೋಡಿಕೊಳ್ಳಬೇಕು, ಹೀಗೆ ನಮ್ಮ ನಮ್ಮಲ್ಲಿ ಒಪ್ಪಂದ.

ಚಾಚಾ ಹಾಗಲ್ಲ. ದಿನದ ಐದು ನಮಾಜಿನಲ್ಲಿ ಒಂದೂ ತಪ್ಪಬಾರದು ಎನ್ನುವವರು. ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವುದಕ್ಕೆ ಅವರು ವಜೂ ಅನ್ನುತ್ತಿದ್ದರು. ನಾನು ಬೇಕೆಂದೇ ಕೆಣಕುತ್ತಿದ್ದೆ, ಮುಖ ತೊಳೆಯಲು ಇಷ್ಟು ಸಂಪ್ರದಾಯ ಯಾಕೆ ಎಂದು. ಅವರು ಸಿಟ್ಟಿಗೇಳುತ್ತಿರಲಿಲ್ಲ. ಮೊದಲು ಸೀಮೆಎಣ್ಣೆಯ ಚಿಂದಿಯಿಂದ ಬೆರಳಿನ ಗ್ರೀಸು ತೆಗೆಯುವರು. ಆಮೇಲೆ ಒಂದು ತಂಬಿಗೆ ನೀರು ಇಟ್ಟುಕೊಂಡು ಕುಕ್ಕರಗಾಲಿನಲ್ಲಿ ಕೂತು, ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ಒದ್ದೆ ಕೈಯಿಂದ ತಲೆ, ಕಡೆಗೆ ಕಾಲಿನ ಹರಡಿನವರೆಗೆ, ಒಂದೊಂದಾಗಿ ಸಾವಕಾಶ ತೊಳೆಯುವರು. ಬಾವಿ ತುಂಬ ನೀರಿದ್ದರೂ ಆ ಒಂದು ತಂಬಿಗೆಯೇ. ಒಮ್ಮೆ ಹುನಗುಂದದ ಸ್ಟ್ಯಾಂಡಿನ ಹಿಂದೆ ನಮಾಜು ಮುಗಿಸಿ ಎದ್ದವರು ತಮ್ಮ ಕಿರುಬೆರಳಿನ ಸಂದಿಯಲ್ಲಿ ಒಣಗಿದ ಗ್ರೀಸು ಕಂಡು ಮಕ್ಕಳಂತೆ ಪೆಚ್ಚಾದರು. ಅದರ ಕೆಳಗಿನ ಚರ್ಮಕ್ಕೆ ನೀರು ಮುಟ್ಟಿಲ್ಲ, ವಜೂ ಆಗಿಲ್ಲ, ನಮಾಜೂ ಆಗಿಲ್ಲ. ಉಗುರಿನಿಂದ ಕೆರೆದು ತೆಗೆದು, ಮತ್ತೆ ಮೊದಲಿನಿಂದ ತೊಳೆದುಕೊಂಡು ಮತ್ತೆ ನಿಂತರು. ಚಹಾ ಬಿಟ್ಟು ಹೋಯಿತು. ನನಗೆ ನಗು ಬಂದಿತ್ತು, ಆದರೆ ನಗಲಿಲ್ಲ. ತನ್ನ ಕೆಲಸದ ಒಂದು ಚೂರು ಕೊಳೆಗೆ ತಾನೇ ಲೆಕ್ಕ ಹೇಳಿಕೊಳ್ಳುವ ಮನುಷ್ಯನನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಮಧ್ಯಾಹ್ನದ ನಮಾಜಿಗೆ ಇಳಕಲ್ಲಿನಲ್ಲಿ ಬಿಡುವಿತ್ತು. ಸಂಜೆಗಿಂತ ಮೊದಲಿನದಕ್ಕೆ ಹುನಗುಂದದಲ್ಲಿ ಚಹಾದ ಹೊತ್ತು ಸಾಕಾಗುತ್ತಿತ್ತು. ತೊಂದರೆ ಬಂದದ್ದು ವೇಳಾಪಟ್ಟಿ ಬದಲಾದಾಗ. ಸೂರ್ಯ ಮುಳುಗಿದ ಮೇಲೆ ಮಾಡುವ ನಮಾಜಿಗೆ ಮಗ್ರಿಬ್ ಅನ್ನುತ್ತಾರೆ. ಪಶ್ಚಿಮದ ಕೆಂಪು ಆರುವುದರೊಳಗೆ ಅದು ಆಗಬೇಕು. ಹೊಸ ವೇಳೆಯಲ್ಲಿ ನಮ್ಮ ಬಸ್ಸು ಕಮತಗಿ ದಾಟಿದ ಮೇಲೆ ಸೂರ್ಯ ಮುಳುಗುತ್ತಿದ್ದ, ಬಾಗಲಕೋಟೆ ಮುಟ್ಟುವಷ್ಟರಲ್ಲಿ ಕೆಂಪು ಹೋಗಿ ಕತ್ತಲೆ ಆಗಿರುತ್ತಿತ್ತು. ಬೇಸಿಗೆಯಲ್ಲಿ ಸೂರ್ಯ ತಡ ಮಾಡಿದರೆ ನಮ್ಮ ಇಂಜಿನ್ನೂ ಬಿಸಿಯಾಗಿ ತಡ ಮಾಡುತ್ತಿತ್ತು. ಶಿರೂರಿನಲ್ಲಿ ನಿಲ್ಲುವುದು ಜನ ಹತ್ತಿ ಇಳಿಯುವಷ್ಟು ಮಾತ್ರ. ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ ನಮಾಜು ಮಾಡಿದರೆ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಆ ಕಾಲದಲ್ಲಿ ಡ್ರೈವರ್ ಅಂದರೆ ಆ ಬಸ್ಸಿನ ಮಟ್ಟಿಗೆ ರಾಜ. ಹೆಂಡತಿಯ ತವರಿನಲ್ಲಿ ಬಸ್ಸು ನಿಲ್ಲಿಸಿ ಊಟ ಮಾಡಿ ಬರುತ್ತಿದ್ದವರನ್ನೂ ನಾನು ಬಲ್ಲೆ. ಚಾಚಾ ನಿಲ್ಲಿಸಲಿಲ್ಲ. ಕತ್ತಲೆಯಾದ ಮೇಲೆ ಡಿಪೋದ ಮೂಲೆಯಲ್ಲಿ ತಪ್ಪಿದ ನಮಾಜನ್ನು ತೀರಿಸಿಕೊಳ್ಳುತ್ತಿದ್ದರು. ದಿನದಿನಕ್ಕೆ ಅವರ ಮಾತು ಕಡಿಮೆಯಾಯಿತು.

ಇದು ಮೊದಲು ಕಂಡದ್ದು ಬೆಣ್ಣೆ ಮುದುಕಿಗೆ. ಶಿರೂರಿನಿಂದ ಬೆಣ್ಣೆ ತಂದು ಹುನಗುಂದದಲ್ಲಿ ಮಾರಿ, ದಿನಾ ಸಂಜೆ ನಮ್ಮ ಬಸ್ಸಿಗೆ ಹಿಂತಿರುಗುವವಳು. ಬಾಯಿಯಂತೂ ಬಸ್ಸಿನ ಹಾರ್ನಿಗಿಂತ ಜೋರು. ಡ್ರೈವರನ ಮುಖ ಯಾಕೆ ಸಪ್ಪಗಿದೆ ಎಂದು ಕೇಳಿದಳು, ನಾನು ಇದ್ದದ್ದು ಇದ್ದಂತೆ ಹೇಳಿದೆ. ಮರುದಿನ ಕಮತಗಿ ದಾಟಿ, ದಾರಿ ಬದಿಯ ಪಾವಟಿಗೆ ಬಾವಿಯ ಹತ್ತಿರ ಬಂದಾಗ ಮುದುಕಿ ಹೊಟ್ಟೆ ಹಿಡಿದುಕೊಂಡು ಎದ್ದು ನಿಂತಳು.

‘ಏ ತಮ್ಮಾ, ನಿಂದರಸಪಾ. ವಯಸ್ಸಾದ ಜೀವ, ತಡಿಯೂದಿಲ್ಲ’ ಅಂದಳು.

ಇದಕ್ಕೆ ಯಾರು ಬೇಡ ಅಂದಾರು? ಬಸ್ಸು ನಿಂತಿತು. ಮುದುಕಿ ಜಾಲಿಯ ಮರೆಗೆ ಹೋದಳು. ಚಾಚಾ ಪಶ್ಚಿಮವನ್ನು ಒಮ್ಮೆ ನೋಡಿ, ತಂಬಿಗೆ ತೆಗೆದುಕೊಂಡು ಬಾವಿಯ ಕಡೆ ನಡೆದವರು, ಪಾವಟಿಗೆ ಇಳಿಯದೆ ಪಕ್ಕದ ಹೊಲಕ್ಕೆ ಹೋದರು. ಎತ್ತಿನ ನೊಗ ಬಿಚ್ಚುತ್ತಿದ್ದ ಹೊಲದವನಿಗೆ ಒಂದು ತಂಬಿಗೆ ನೀರು ತೆಗೆದುಕೊಳ್ಳಲೇ, ಈ ಬದುವಿನ ಮೇಲೆ ನಮಾಜು ಮಾಡಲೇ ಎಂದು ಕೇಳಿದರು. ಹೊಲದವ ನಕ್ಕೇಬಿಟ್ಟ. ‘ಹಾದಿ ಬಾಂವಿ ನೀರಿಗೆ ಯಾರರ ಕೇಳ್ತಾರೇನ್ರಿ?’ ಅಂದ.

ಆಮೇಲೆ ವಜೂ ಮಾಡಿ, ಟವೆಲ್ ಹಾಸಿ, ಸೂರ್ಯ ಮುಳುಗಿದ ದಿಕ್ಕಿಗೆ ನಿಂತರು. ಬಾಗಿದರು, ಹಣೆ ಊರಿದರು. ಮುದುಕಿಯ ಕೆಲಸ ಮುಗಿಯುವುದಕ್ಕೂ ಇವರ ನಮಾಜಿನ ಕೊನೆಯ ಸಲಾಮು ಮುಗಿಯುವುದಕ್ಕೂ ಸರಿಹೋಯಿತು. ಗಾಡಿ ಹತ್ತಿದಾಗ ಆ ಮುಖ ನೋಡಬೇಕಿತ್ತು... ಬಹಳ ದಿನ ಊರಲ್ಲಿಲ್ಲದ ಮಗ ಮನೆಗೆ ಬಂದಾಗ ನಮ್ಮ ಅವ್ವನ ಮುಖ ಹಾಗಿರುತ್ತಿತ್ತು.

ಹೀಗೆ ಒಂದು ತಿಂಗಳ ಮೇಲೇ ನಡೆಯಿತು. ಬಸ್ಸಿನವರಿಗೆಲ್ಲ ಗುಟ್ಟು ಗೊತ್ತಿತ್ತು, ಚಾಚಾನಿಗೆ ಬಿಟ್ಟು. ಒಂದು ದಿನ ಮುದುಕಿಗೆ ಸೀಟಿನಲ್ಲೇ ನಿದ್ದೆ ಹತ್ತಿತು. ಬಾವಿ ಹಿಂದೆ ಉಳಿದು ಮೈಲಿ ದಾಟಿದ ಮೇಲೆ ಎಚ್ಚರಾಗಿ, ಕಿಟಕಿಯಲ್ಲಿ ನೋಡಿ, ಬಸ್ಸೆಲ್ಲ ಕೇಳುವಂತೆ ನನ್ನನ್ನೇ ಬೈದಳು.

‘ಬಾಂವಿ ಹಿಂದ ಹೋತಲ್ಲೋ ಹುಡುಗಾ, ನನ್ನ ಎಬ್ಬಸಬಾರದೇನೋ? ಪಾಪ, ಅವರ ನಮಾಜ್ ತಪ್ಪಿತಲ್ಲೋ’ ಅಂದಳು.

ಕನ್ನಡಿಯಲ್ಲಿ ಚಾಚಾನ ಕಣ್ಣು ಒಮ್ಮೆ ನನ್ನ ಮೇಲೆ ಬಂದು ಹೋಯಿತು. ಮರುದಿನ ಬಾವಿ ಬಂದಾಗ ಮುದುಕಿ ಎದ್ದಳು. ‘ಅವ್ವಾ, ಖರೇನ ಬೇಕಂದ್ರ ಈಗ ನಿಂದರಸ್ತೇನಿ. ಖರೇನ?’ ಎಂದು ಚಾಚಾ ಕೇಳಿದರು. ಮುದುಕಿ ಬಾಯಿ ತೆರೆದಳು, ಮುಚ್ಚಿದಳು, ಕೂತಳು. ಬೆಣ್ಣೆಗೆ ನೀರು ಬೆರೆಸುವವಳೆಂದು ಊರೆಲ್ಲ ಆಡಿಕೊಳ್ಳುತ್ತಿದ್ದ ಆ ಮುದುಕಿಗೂ ಚಾಚಾನ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ. ಬಸ್ಸು ಬಾವಿ ದಾಟಿತು.

ಅಂದು ಡಿಪೋದಲ್ಲಿ ನಾನು ಜಗಳಕ್ಕೇ ನಿಂತೆ. ಜನರೇ ಮನಸ್ಸಿನಿಂದ ಮಾಡಿದ್ದು, ಯಾರಿಗೆ ಏನು ನಷ್ಟ ಎಂದೆ. ಅವರು ಬೀಡಿ ಸೇದುವವರಲ್ಲ, ಸುಮ್ಮನೆ ಒಂದು ಕಡ್ಡಿ ಮುರಿಯುತ್ತ ಕೂತಿದ್ದರು.

‘ನೀರ ಕೇಳಿ ತಗೊಂಡೆ. ನೆಲಾ ಕೇಳಿ ನಿಂತೆ. ಹೊತ್ತು ಮಾತ್ರ ಕದ್ದಂಗಾತಲ್ಲೋ’ ಅಂದರು.

ಹಾಗಾದರೆ ಬಸ್ಸಿನಲ್ಲಿ ಎದ್ದು ನಿಂತು ಕೇಳಿಬಿಡಿ ಎಂದೆ. ಅದಕ್ಕೂ ತಲೆ ಅಲ್ಲಾಡಿಸಿದರು. ಸ್ಟೇರಿಂಗ್ ಹಿಡಿದವನು ಎದುರು ನಿಂತು ಕೇಳಿದರೆ ಯಾರು ಬೇಡ ಅಂದಾರು, ಎಲ್ಲರೂ ದಾಕ್ಷಿಣ್ಯಕ್ಕೆ ಹೂಂ ಅನ್ನುತ್ತಾರೆ ಎಂದರು. ಬಹಳ ಹೊತ್ತಿನ ಮೇಲೆ ನಾವಿಬ್ಬರೂ ಸೇರಿ ಒಂದು ದಾರಿ ಹುಡುಕಿದೆವು. ಟಿಕೆಟ್ ಹರಿಯುವಾಗ ನಾನು ಒಬ್ಬೊಬ್ಬರನ್ನೇ ಮೆಲ್ಲಗೆ ಕೇಳಬೇಕು. ಇಂಜಿನ್ ಸದ್ದಿನಲ್ಲಿ ಅದು ಚಾಚಾನಿಗೆ ಕೇಳುವಂತಿಲ್ಲ. ಎಲ್ಲರೂ ಒಪ್ಪಿದ್ದರೆ ಬಾವಿ ಬಂದಾಗ ನಾನು ಹಗ್ಗ ಜಗ್ಗಿ ಗಂಟೆ ಬಾರಿಸಬೇಕು. ಒಬ್ಬರು ಬೇಡ ಅಂದಿದ್ದರೂ ಬಾರಿಸಬಾರದು. ಯಾರು ಬೇಡ ಅಂದರು ಎಂಬುದನ್ನು ನಾನು ಹೇಳಬಾರದು, ಅವರು ಕೇಳಬಾರದು.

ಕೇಳಿದಾಗ ಜನಕ್ಕೆ ನಗು. ‘ಇದನ್ನೇನ ಕೇಳ್ತಿಯೋ, ನಿಂದರಸು’ ಎಂದು ಇಳಕಲ್ಲಿನ ಸೀರೆ ಗಂಟು ಹೊತ್ತ ನೇಕಾರರು, ಬಾಗಲಕೋಟೆ ವಿದ್ಯಾಗಿರಿಯ ಮಾಸ್ತರರು ಎಲ್ಲ ಅಂದರು. ದಿನಾ ಗಂಟೆ ಬಾರಿಸಿದೆ, ದಿನಾ ಬಸ್ಸು ನಿಂತಿತು. ಆ ಹೊತ್ತಿನಲ್ಲಿ ಜನ ಇಳಿದು ಎಲೆ ಅಡಿಕೆ ಹಾಕುವರು, ಮುದುಕಿ ನೆಟ್ಟಗೆ ಬಾವಿ ಕಟ್ಟೆಯ ಮೇಲೆ ಕೂತು ಎಲ್ಲರ ಮನೆಯ ಸುದ್ದಿ ಕೇಳುವಳು. ಜಾಲಿ ಮರೆಗೆ ಹೋಗುವ ಕೆಲಸ ತಪ್ಪಿದ್ದು ಅವಳಿಗೂ ಸುಖವಾಗಿತ್ತು. ನಾನು ದೂರದಲ್ಲಿ ನಿಂತು ಚಾಚಾನ ಬೆನ್ನು ನೋಡುತ್ತಿದ್ದೆ. ಆ ಬೆನ್ನು ನೋಡಿದರೆ ನನಗೂ ಏನೋ ಸಮಾಧಾನ... ಯಾವ ದೇವರಿಗೂ ನಾನು ಅಷ್ಟು ನೆಮ್ಮದಿಯಿಂದ ಕೈ ಮುಗಿದವನಲ್ಲ.

ಒಂದು ಸಂಜೆ ಅಮೀನಗಡದಲ್ಲಿ ಹತ್ತಿದ ಒಬ್ಬ, ಮೂವತ್ತರ ಆಸುಪಾಸಿನವ, ನಾನು ಕೇಳಿದ್ದಕ್ಕೆ ತಲೆ ಎತ್ತದೆ ‘ಬ್ಯಾಡ್ರಿ’ ಅಂದ. ಕಾರಣ ಹೇಳಲಿಲ್ಲ. ಬಾವಿ ಬಂತು. ನನ್ನ ಕೈ ಹಗ್ಗದ ಹತ್ತಿರ ಹೋಗಿ ಹಿಂದೆ ಬಂತು. ಆಕಾಶವೆಲ್ಲ ಕೆಂಪಾಗಿತ್ತು. ಚಾಚಾ ಗಾಡಿಯನ್ನು ಸ್ವಲ್ಪ ನಿಧಾನ ಮಾಡಿ, ಗಂಟೆ ಆಗಲಿಲ್ಲವೆಂದು ತಿಳಿದದ್ದೇ ವೇಗ ಹೆಚ್ಚಿಸಿದರು. ದಿನಕ್ಕಿಂತ ಹೆಚ್ಚು ವೇಗ. ಬಸ್ಸಿನಲ್ಲಿ ಗುಜುಗುಜು ಎದ್ದಿತು. ಮುದುಕಿಯಂತೂ ಸೀಟಿನಿಂದ ಎದ್ದೇ ನಿಂತು, ಬೇಡ ಅಂದ ಗಂಡಸು ಯಾರು, ಮುಖ ತೋರಿಸಲಿ ಎಂದು ಕೂಗಾಡಿದಳು. ಆ ಮನುಷ್ಯ ಕಿಟಕಿಯ ಸರಳು ಹಿಡಿದು ಕೂತಿದ್ದ, ಕಿವಿ ಕೆಂಪಾಗಿದ್ದವು.

ಚಾಚಾ ಹಿಂದಿರುಗಿ ನೋಡಲಿಲ್ಲ.

‘ಅವ್ವಾ, ಕುಂದರು. ಬ್ಯಾಡ ಅನ್ನಾಕ ಬರಬೇಕು. ಅಂದ್ರನ ಉಳದವ್ರು ಹೂಂ ಅಂದದ್ದು ಖರೆ’ ಅಂದರು.

ಮುದುಕಿ ಕೂತಳು. ಬಾಗಲಕೋಟೆಯಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಆತ ಹಾರಿ ಓಡಿದ. ಚಾಚಾ ಎಂದಿನಂತೆ ಗಾಡಿ ಒಪ್ಪಿಸಿ, ಡಿಪೋದ ಮೂಲೆಗೆ ಹೋಗಿ ತಪ್ಪಿದ್ದನ್ನು ತೀರಿಸಿಕೊಂಡರು. ಅಂದು ನನಗೆ ಆತನ ಮೇಲೆ ಕೆಟ್ಟ ಸಿಟ್ಟಿತ್ತು. ಚಾಚಾ ಮಾತ್ರ ಆ ವಿಷಯ ಎತ್ತಲೇ ಇಲ್ಲ.

ಕೆಲವು ವಾರಗಳ ಮೇಲೆ ಆತ ಮತ್ತೆ ಅಮೀನಗಡದಲ್ಲಿ ಹತ್ತಿದ. ತಲೆ ಬೋಳಿಸಿಕೊಂಡಿದ್ದ. ಹಿಂದೆ ಸೀಟಿದ್ದರೂ ಮುಂದೆ ಬಂದು ಇಂಜಿನ್ನಿನ ಪಕ್ಕದಲ್ಲಿ ನಿಂತ.

‘ಅವತ್ತ ಬ್ಯಾಡ ಅಂದಾವ ನಾನ್ರಿ’ ಅಂದ.

‘ನಾ ಕೇಳಿಲ್ಲಲ್ಲ ತಮ್ಮಾ’ ಅಂದರು ಚಾಚಾ.

‘ಮನಿಯಾಕಿ ದವಾಖಾನ್ಯಾಗ ಇದ್ದಳ್ರಿ. ನಾ ಹೋದಾಗ ಕಣ್ಣ ತಗದು ನೋಡಿದ್ಲು, ಬಂದ್ಯಾ ಅಂದ್ಲು. ಅಷ್ಟ. ಆಮ್ಯಾಲ ಮಾತಿಲ್ಲರಿ.’

ಬಾವಿಯ ಹತ್ತಿರ ಬಂದಾಗ ಆ ಮನುಷ್ಯನೇ ನನ್ನ ಕಡೆ ತಿರುಗಿ, ಗಂಟೆ ಬಾರಿಸು ಎಂದು ಕಣ್ಣಿನಲ್ಲೇ ಹೇಳಿದ. ಅಂದು ನಮಾಜಿನ ಕೊನೆಗೆ ಚಾಚಾ ಎರಡೂ ಕೈ ಬೊಗಸೆ ಮಾಡಿ ಹಿಡಿದದ್ದು ದಿನಕ್ಕಿಂತ ಎಷ್ಟೋ ಹೆಚ್ಚು ಹೊತ್ತು. ಆಕೆಯ ಹೆಸರನ್ನೂ ಕೇಳಿರಲಿಲ್ಲ. ಬಸ್ಸಿನಲ್ಲಿ ಯಾರೂ ಗಡಿಬಿಡಿ ಮಾಡಲಿಲ್ಲ, ಮುದುಕಿ ಸಹ.

ಎಂಬತ್ತರ ನಡುವಿನಲ್ಲಿ ನನಗೆ ಬಾದಾಮಿಯ ಕಡೆ ಬದಲಿಯಾಯಿತು. ಮಹಾಕೂಟಕ್ಕೆ ಹೋಗುವ ಭಕ್ತರನ್ನು ತುಂಬಿಕೊಂಡು ತಿರುಗುವ ಗಾಡಿ. ಅಲ್ಲಿ ಬೇರೆ ಬೇರೆ ಡ್ರೈವರರ ಜೊತೆ ದುಡಿದೆ, ಒಳ್ಳೆಯವರೂ ಇದ್ದರು. ಆದರೆ ಬಸ್ಸಿನ ಜನರ ಹೊತ್ತು ಬಸ್ಸಿನ ಜನರದೇ ಎಂದು ತಿಳಿದವರನ್ನು ಮತ್ತೆ ಕಾಣಲಿಲ್ಲ. ಚಾಚಾ ನಿವೃತ್ತರಾಗಿ ಇಳಕಲ್ಲಿನಲ್ಲೇ ಉಳಿದರು. ವರ್ಷಕ್ಕೊಮ್ಮೆಯಾದರೂ ಹೋಗಿ ಮಾತಾಡಿಸಿ ಬರುತ್ತಿದ್ದೆ. ಆಮೇಲೆ ಎರಡು ವರ್ಷಕ್ಕೊಮ್ಮೆ... ಆಮೇಲೆ ಮೊಣಕಾಲು ನೋವಿನ ನೆಪ.

ಈ ಸಲ ಮಳೆಗಾಲ ಶುರುವಾಗುವ ಮೊದಲು ಅವರು ಹೋದರು. ಸುದ್ದಿ ತಿಳಿದದ್ದೇ ಇಳಕಲ್ಲಿಗೆ ಹೋದೆ. ಮಣ್ಣಿಗೆ ಒಯ್ಯುವ ಮೊದಲು ಎಲ್ಲರೂ ಸಾಲಾಗಿ ನಿಂತಾಗ, ಅವರ ದೊಡ್ಡ ಮಗ ಮುಂದೆ ಬಂದು ಜನರ ಕಡೆ ಮುಖ ಮಾಡಿ ನಿಂತ. ‘ನಮ್ಮ ಅಬ್ಬಾ ಯಾರದರ ಏನರ ಇಟಗೊಂಡಿದ್ರ, ಯಾರ ಮನಸರ ನೋಯಿಸಿದ್ರ, ಈಗ ಹೇಳ್ರಿ, ನಾ ತೀರಸ್ತೇನಿ. ಇಲ್ಲಂದ್ರ ಮಾಫ್ ಮಾಡ್ರಿ’ ಅಂದ. ಹೀಗೆ ಕೇಳುವುದು ಅವರಲ್ಲಿ ಪದ್ಧತಿಯಂತೆ, ನನಗೆ ಅಂದೇ ಗೊತ್ತಾಯಿತು. ಮುಂದಿನ ಸಾಲಿನ ಒಬ್ಬ ಮುದುಕರು ‘ಏನೂ ಇಲ್ಲಪಾ’ ಅಂದರು. ಹಿಂದಿನ ಗೋಡೆಯ ಹತ್ತಿರ, ಚಪ್ಪಲಿ ಬಿಟ್ಟು ನಿಂತಿದ್ದ ನಾನೂ ಅದನ್ನೇ ಅಂದೆ.

ಆಮೇಲೆ ಅವರನ್ನು ಎತ್ತಿಕೊಂಡು ನಡೆದರು. ನಮ್ಮನ್ನು ಕೇಳದೆ ಚಾಚಾ ಹೊರಟದ್ದು ಅದೊಂದೇ ಸಲ. ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆ.